ಕೈ ಬಿಡುವಾದರೆ ಸಾಲದು

ವಾಹನವನ್ನೇರುವಾಗ ಹೇಳಬೇಕಾದ ದುಆವನ್ನು ನಮ್ಮ ಮಕ್ಕಳು ಮಕ್ತಬದಲ್ಲಿ ಚಿಕ್ಕಂದಿನಲ್ಲೇ ಕಂಠಪಾಠ ಮಾಡುತ್ತಾರೆ. ಸೂರಃ ಅಝ್ಝುಖ್ರುಫ್‌ನ 13 ಮತ್ತು 14ನೆಯ ವಚನಗಳಿಂದ ಬಂದ ಆ ದುಆದ ತಾತ್ಪರ್ಯ ಸರಳವಾಗಿದೆ. ಈ ವಾಹನವನ್ನು ನಮಗೆ ಅಧೀನಗೊಳಿಸಿದವನು ಅಲ್ಲಾಹನು; ಸ್ವಂತ ಬಲದಿಂದ ಇದನ್ನು ಹತೋಟಿಗೆ ತರುವ ಸಾಮರ್ಥ್ಯ ನಮ್ಮಲ್ಲಿರಲಿಲ್ಲ; ನಾವು ಕೊನೆಗೆ ಮರಳಿ ಹೋಗುವುದು ಅವನ ಸನ್ನಿಧಿಗೇ. ಇಂದು ಈ ದುಆ ಎಷ್ಟೋ ಕಾರುಗಳ ಕನ್ನಡಿಯ ಕೆಳಗೆ ತೂಗುತ್ತಿರುತ್ತದೆ. ಆದರೆ ದುಆ ಮುಗಿದ ಮರುಕ್ಷಣ ಕಾರಿನೊಳಗೆ ಏನು ನಡೆಯುತ್ತದೆ ಎಂಬುದನ್ನು ನಾವು ಗಮನಿಸಿದ್ದೇವೆಯೇ? ಪರದೆಯ ಮೇಲೆ ನಕ್ಷೆ ತೆರೆದುಕೊಳ್ಳುತ್ತದೆ. ಬ್ಲೂಟೂತ್ ತಾನಾಗಿಯೇ ಮೊಬೈಲಿನೊಂದಿಗೆ ಜೋಡಣೆಯಾಗುತ್ತದೆ. ನಿನ್ನೆ ಅರ್ಧಕ್ಕೆ ನಿಂತಿದ್ದ ಬಯಾನ್ ಮುಂದುವರಿಯುತ್ತದೆ. ಊರು ದಾಟುವ ಮೊದಲೇ ಒಂದು ಕರೆ ಬರುತ್ತದೆ. ಹೀಗಿರುವಾಗ ವಾಹನ ನಮಗೆ ಅಧೀನವಾಗಿದೆಯೋ, ನಾವೇ ಅದಕ್ಕೆ ಅಧೀನರಾಗಿದ್ದೇವೆಯೋ ಎಂಬ ಪ್ರಶ್ನೆ ಏಳುವುದು ಸಹಜ.

ನಮ್ಮ ಯಾದಗಿರಿ ಜಿಲ್ಲೆಯ ಮುಸ್ಲಿಮ್ ಕುಟುಂಬಗಳಿಗೆ ಕಾರಿನ ಪ್ರಯಾಣವೀಗ ಅಪರೂಪದ ಸಂಗತಿಯಲ್ಲ. ದೊಡ್ಡ ಆಸ್ಪತ್ರೆಗೆಂದು ಕಲಬುರಗಿಗೋ ರಾಯಚೂರಿಗೋ ಹೋಗಬೇಕು. ಮದುವೆ, ಜನಾಝಾಗಳಿಗೆಂದು ಶಹಾಪುರ, ಸುರಪುರ, ಹುಣಸಗಿ, ಗುರುಮಠಕಲ್‌ಗಳ ನಡುವೆ ಓಡಾಡಬೇಕು. ಉಮ್ರಾಕ್ಕೆ ಹೊರಟ ಹಿರಿಯರನ್ನು ಹೈದರಾಬಾದಿನ ವಿಮಾನ ನಿಲ್ದಾಣಕ್ಕೆ ಮುಟ್ಟಿಸಬೇಕು. ಸ್ವಂತದ್ದಾಗಲಿ ಬಾಡಿಗೆಯದ್ದಾಗಲಿ, ಆ ಕಾರಿನಲ್ಲಿ ಇಡೀ ಮನೆಯೇ ಕುಳಿತಿರುತ್ತದೆ. ಆದ್ದರಿಂದ ಕಾರಿನ ಯಂತ್ರಗಳನ್ನು ಹೇಗೆ ಬಳಸಬೇಕೆಂಬ ಪ್ರಶ್ನೆ ಕೇವಲ ತಂತ್ರಜ್ಞಾನದ ಪ್ರಶ್ನೆಯಲ್ಲ. ಅದು ಅಮಾನತಿನ ಪ್ರಶ್ನೆ.

ಈ ಸೌಕರ್ಯಗಳಲ್ಲಿ ತಮ್ಮಷ್ಟಕ್ಕೇ ದೋಷವೇನೂ ಇಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸಬೇಕು. ದಾರಿ ತೋರಿಸುವವರ ನೆರವು ಪಡೆಯುವುದು ತವಕ್ಕುಲ್‌ಗೆ ವಿರುದ್ಧವಲ್ಲ. ಪ್ರವಾದಿ ಮುಹಮ್ಮದ್(ಸ) ಅವರು ಹಝ್ರತ್ ಅಬೂಬಕರ್(ರ) ಅವರೊಂದಿಗೆ ಮಕ್ಕಾದಿಂದ ಮದೀನಾಕ್ಕೆ ಹಿಜ್ರತ್ ಹೊರಟಾಗ ಅಬ್ದುಲ್ಲಾ ಬಿನ್ ಉರೈಕಿತ್ ಎಂಬ ಮಾರ್ಗದರ್ಶಕನನ್ನು ಕೂಲಿ ಕೊಟ್ಟು ನೇಮಿಸಿಕೊಂಡಿದ್ದರು. ಆಗ ಆತ ಮುಸ್ಲಿಮನಾಗಿರಲಿಲ್ಲ. ಆದರೆ ಮರುಭೂಮಿಯ ದಾರಿಗಳನ್ನು ಬಲ್ಲವನಾಗಿದ್ದ, ನಂಬಿಕಸ್ಥನಾಗಿದ್ದ. ಇಂದಿನ ನಕ್ಷೆಯೂ ಅಂತಹದೇ ಒಂದು ನೆರವು. ಫೋನಿನಿಂದ ತುರ್ತು ಸುದ್ದಿ ಮುಟ್ಟುತ್ತದೆ. ಆಡಿಯೊದಿಂದ ದೀರ್ಘ ಪ್ರಯಾಣದಲ್ಲಿ ಒಳ್ಳೆಯ ಮಾತು ಕಿವಿಗೆ ಬೀಳುತ್ತದೆ. ಇವೆಲ್ಲ ನಿಅಮತ್‌ಗಳೇ. ಆದರೆ ಪ್ರತಿಯೊಂದು ನಿಅಮತ್‌ನ ಕುರಿತೂ ವಿಚಾರಣೆಯಿದೆ ಎಂಬುದನ್ನು ಸತ್ಯವಿಶ್ವಾಸಿ ಮರೆಯುವಂತಿಲ್ಲ.

ನನ್ನ ಆಕ್ಷೇಪವಿರುವುದು ಒಂದು ತಪ್ಪು ನಂಬಿಕೆಯ ಕುರಿತು. ಫೋನ್ ಕೈಯಲ್ಲಿಲ್ಲ, ಎರಡೂ ಕೈಗಳು ಸ್ಟೇರಿಂಗ್ ಮೇಲಿವೆ, ಆದ್ದರಿಂದ ಎಷ್ಟು ಮಾತಾಡಿದರೂ ಅಪಾಯವಿಲ್ಲ ಎಂದು ನಮ್ಮಲ್ಲಿ ಬಹಳ ಮಂದಿ ನಂಬಿದ್ದಾರೆ. ಕಾನೂನು ಕೂಡ ಈ ನಂಬಿಕೆಗೆ ಎಡೆಮಾಡಿಕೊಟ್ಟಂತೆ ತೋರುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 184ನೆಯ ಕಲಮು ಚಾಲನೆಯ ವೇಳೆ ಕೈಯಲ್ಲಿ ಹಿಡಿಯುವ ಫೋನಿನ ಬಳಕೆಯನ್ನು ಅಪಾಯಕಾರಿ ಚಾಲನೆಯಲ್ಲಿ ಸೇರಿಸಿತು. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮವು ಅಂತಹ ಸಾಧನವನ್ನು ದಾರಿ ನೋಡಲು ಮಾತ್ರ, ಅದೂ ಚಾಲಕನ ಏಕಾಗ್ರತೆ ಕೆಡದಂತೆ ಬಳಸಬಹುದು ಎಂದಿತು. ಕಾನೂನು ಇಲ್ಲಿ ಮುಖ್ಯವಾಗಿ ಹಿಡಿದಿರುವುದು ಕೈಯನ್ನು. ದೀನ್ ಹಿಡಿಯುವುದು ಮನಸ್ಸನ್ನೂ. ಫತ್ವಾದ ಗಡಿ ಮುಗಿದ ಮೇಲೂ ತಕ್ವಾದ ದಾರಿ ಮುಂದುವರಿಯುತ್ತದೆ ಎಂದು ನಮ್ಮ ಉಸ್ತಾದರು ಕಲಿಸಿದ್ದು ಇಂತಹ ಸಂದರ್ಭಗಳಿಗಾಗಿಯೇ.

ಪವಿತ್ರ ಕುರ್‌ಆನಿನ ಸೂರಃ ಅಲ್‌ಅಹ್‌ಝಾಬ್‌ನ 4ನೆಯ ವಚನದಲ್ಲಿ, ಯಾವ ಮನುಷ್ಯನ ಎದೆಯೊಳಗೂ ಅಲ್ಲಾಹನು ಎರಡು ಹೃದಯಗಳನ್ನಿಟ್ಟಿಲ್ಲ ಎಂಬ ಅರ್ಥದ ಮಾತು ಬರುತ್ತದೆ. ಆ ವಚನದ ಸಂದರ್ಭ ಬೇರೆ; ಅಲ್ಲಿ ದತ್ತು ಮಕ್ಕಳು ಮತ್ತು ಝಿಹಾರ್ ಕುರಿತ ವಿಧಿಗಳಿವೆ. ಆದರೂ ಅದು ನೆನಪಿಸುವ ಸತ್ಯ ನಮ್ಮ ವಿಷಯಕ್ಕೂ ಸಲ್ಲುತ್ತದೆ. ಹೃದಯ ಒಂದೇ ಆಗಿರುವಾಗ ಅದು ಮಾತಿಗೆ ಹೋದರೆ ರಸ್ತೆಯಲ್ಲಿ ಉಳಿಯುವುದೇನು?

ಸಂಶೋಧಕರು ಕಂಡುಕೊಂಡದ್ದೂ ಇದನ್ನೇ. ಕೆನಡಾದ ಟೊರಾಂಟೊದಲ್ಲಿ ಅಪಘಾತಕ್ಕೊಳಗಾದ 699 ಚಾಲಕರ ಫೋನ್ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 1997ರಲ್ಲಿ ಪ್ರಕಟವಾಯಿತು. ಫೋನ್ ಬಳಸುವಾಗ ಅಪಘಾತದ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚುತ್ತದೆಂದೂ, ಕೈಯಲ್ಲಿ ಹಿಡಿಯದ ಫೋನಿನಿಂದ ಹೆಚ್ಚಿನ ಸುರಕ್ಷತೆ ಕಂಡುಬರಲಿಲ್ಲವೆಂದೂ ಅದು ತಿಳಿಸಿತು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಕಾರಿನೊಳಗಿನ ಧ್ವನಿ ಆಜ್ಞೆಯ ವ್ಯವಸ್ಥೆಗಳನ್ನು ಪರೀಕ್ಷಿಸಿದರು. ಆಜ್ಞೆ ಕೊಟ್ಟು ಮುಗಿದ ಮೇಲೂ ಚಾಲಕನ ಗಮನ ಪೂರ್ತಿಯಾಗಿ ರಸ್ತೆಗೆ ಮರಳಲು ಕೆಲವೊಮ್ಮೆ 27 ಸೆಕೆಂಡುಗಳವರೆಗೆ ಬೇಕಾಗುತ್ತಿತ್ತು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕಾರು 27 ಸೆಕೆಂಡಿನಲ್ಲಿ 450 ಮೀಟರ್ ಸಾಗುತ್ತದೆ. ಅಂದರೆ ಸುಮಾರು ಅರ್ಧ ಕಿಲೋಮೀಟರ್ ದೂರವನ್ನು ಕಣ್ಣು ತೆರೆದಿದ್ದೂ ಪೂರ್ತಿ ಕಾಣದೆ ಕ್ರಮಿಸಿದಂತೆ.

ಆ ಅರ್ಧ ಕಿಲೋಮೀಟರಿನಲ್ಲಿ ನಮ್ಮ ಸೀಮೆಯ ರಸ್ತೆಯ ಮೇಲೆ ಏನೇನು ಇರುತ್ತದೆಂದು ಯೋಚಿಸಿ ನೋಡಿ. ಹಿಂಬದಿಯ ದೀಪವಿಲ್ಲದ ಟ್ರ್ಯಾಕ್ಟರ್ ಹತ್ತಿ ತುಂಬಿಕೊಂಡು ರಸ್ತೆಯ ಮುಕ್ಕಾಲು ಭಾಗವನ್ನು ಆಕ್ರಮಿಸಿರುತ್ತದೆ. ಕೂಲಿಗೆ ಹೋಗಿ ಮರಳುವ ಹೆಣ್ಣುಮಕ್ಕಳು ಟಂಟಂನಲ್ಲಿ ಒತ್ತಿಕೊಂಡು ಕುಳಿತಿರುತ್ತಾರೆ. ಸುಗ್ಗಿಯ ದಿನಗಳಲ್ಲಿ ರಸ್ತೆಯ ಒಂದು ಬದಿಯಲ್ಲಿ ಭತ್ತವನ್ನೋ ಜೋಳವನ್ನೋ ಒಣಗಲು ಹರವಿ, ಸುತ್ತ ಕಲ್ಲುಗಳನ್ನಿಟ್ಟಿರುತ್ತಾರೆ. ಸಂಜೆಗತ್ತಲಲ್ಲಿ ಕುರಿ ಹಿಂಡು ಅಡ್ಡ ಬರುತ್ತದೆ. ಇವು ಯಾವ ನಕ್ಷೆಯಲ್ಲೂ ಇಲ್ಲ. ಇವರೆಲ್ಲರಿಗೂ ನಮ್ಮ ಮೇಲೆ ಹಕ್ಕಿದೆ. ದಾರಿಯ ಹಕ್ಕುಗಳನ್ನು ವಿವರಿಸುವಾಗ ಪ್ರವಾದಿ(ಸ) ಅವರು ಇತರರಿಗೆ ತೊಂದರೆಯಾಗದಂತೆ ನಡೆದುಕೊಳ್ಳುವುದನ್ನೂ ಅದರಲ್ಲಿ ಸೇರಿಸಿದ್ದಾರೆ. ದಾರಿಯಿಂದ ಅಪಾಯವನ್ನು ಸರಿಸುವುದು ಈಮಾನಿನ ಶಾಖೆಗಳಲ್ಲೊಂದು ಎಂದಿದ್ದಾರೆ. ಮುಳ್ಳನ್ನು ಸರಿಸುವುದು ಈಮಾನ್ ಎನ್ನುವ ದೀನಿನವರೇ ದಾರಿಗೆ ಅಪಾಯವಾಗುವುದು ಎಷ್ಟು ಸರಿ?

ಅಪಘಾತವಾದಾಗ ನಾವು ತಕ್ದೀರ್ ಎಂದು ನಿಟ್ಟುಸಿರುಬಿಡುತ್ತೇವೆ. ತಕ್ದೀರಿನಲ್ಲಿ ವಿಶ್ವಾಸವಿಡುವುದು ಈಮಾನಿನ ಭಾಗ, ಸಂಶಯವಿಲ್ಲ. ಆದರೆ ಮೊದಲು ಒಂಟೆಯನ್ನು ಕಟ್ಟಿ ನಂತರ ತವಕ್ಕುಲ್ ಮಾಡಬೇಕೆಂಬ ಪ್ರವಾದಿವರ್ಯರ(ಸ) ಉಪದೇಶವೂ ನಮ್ಮ ಮುಂದಿದೆ. ಇನ್ನೊಂದು ಗಂಭೀರ ವಿಷಯವನ್ನು ನಮ್ಮ ಯುವಕರು ತಿಳಿದಿರಬೇಕು. ಸೂರಃ ಅನ್ನಿಸಾದ 92ನೆಯ ವಚನವು ಉದ್ದೇಶವಿಲ್ಲದೆ ಪ್ರಮಾದದಿಂದ ಆದ ಹತ್ಯೆಗೂ ಹೊಣೆಯನ್ನು ನಿಗದಿಪಡಿಸುತ್ತದೆ: ಮೃತರ ಕುಟುಂಬಕ್ಕೆ ದಿಯತ್, ಜೊತೆಗೆ ಕಫ್ಫಾರಾ. ಗುಲಾಮರನ್ನು ಬಿಡುಗಡೆಗೊಳಿಸುವ ಅವಕಾಶವಿಲ್ಲದವನು ಎರಡು ತಿಂಗಳು ಸತತವಾಗಿ ಉಪವಾಸ ಆಚರಿಸಬೇಕು. ಚಾಲಕನ ನಿರ್ಲಕ್ಷ್ಯದಿಂದಾದ ಮರಣಕ್ಕೆ ಈ ವಿಧಿ ಅನ್ವಯವಾಗುತ್ತದೆಂದು ನಮ್ಮ ಕಾಲದ ಅನೇಕ ಫಿಕ್ಹ್ ವಿದ್ವಾಂಸರು ಹೇಳಿದ್ದಾರೆ. 2022ರ ಒಂದೇ ವರ್ಷದಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು. ಬೇಕೆಂದು ಮಾಡಲಿಲ್ಲ ಎಂಬ ಮಾತು ಆ ಮನೆಗಳ ಅನಾಥ ಮಕ್ಕಳಿಗೆ ಸಮಾಧಾನವಾಗಲಾರದು. ನಾಳೆ ಅಲ್ಲಾಹನ ಮುಂದೆ ಅದೊಂದೇ ಉತ್ತರವಾಗಿ ಸಾಲುತ್ತದೆಯೇ? ಕಿವಿ, ಕಣ್ಣು, ಹೃದಯ ಇವೆಲ್ಲವುಗಳ ಕುರಿತು ಪ್ರಶ್ನಿಸಲಾಗುವುದೆಂದು ಸೂರಃ ಅಲ್‌ಇಸ್ರಾದ 36ನೆಯ ವಚನ ಎಚ್ಚರಿಸುತ್ತದೆ. ವಾಹನ ಓಡಿಸುವವನಿಗೆ ಬೇಕಾದ ಮೂರು ಸಾಧನಗಳೂ ಇವೇ.

ಇಲ್ಲೊಂದು ಆಕ್ಷೇಪ ಬರಬಹುದು. ಪಕ್ಕದಲ್ಲಿ ಕುಳಿತವರೊಂದಿಗೆ ಮಾತಾಡುವುದಿಲ್ಲವೇ, ಫೋನಿನ ಮಾತಿಗೆ ಮಾತ್ರ ಏಕೆ ಅಡ್ಡಿ? ಪಕ್ಕದಲ್ಲಿರುವವರಿಗೆ ರಸ್ತೆ ಕಾಣುತ್ತದೆ. ತಿರುವು ಬಂದಾಗ ಅವರು ಸುಮ್ಮನಾಗುತ್ತಾರೆ, ಎತ್ತಿನ ಬಂಡಿ ಕಂಡರೆ ಎಚ್ಚರಿಸುತ್ತಾರೆ. ಫೋನಿನ ಆಚೆಗಿರುವವರು ತಮ್ಮ ಮನೆಯ ಮಂಚದ ಮೇಲೆ ಕುಳಿತು, ಜಮೀನಿನ ಜಗಳವನ್ನೋ ಮದುವೆಯ ಖರ್ಚನ್ನೋ ಬಿಡದೆ ಹೇಳುತ್ತಲೇ ಇರುತ್ತಾರೆ. ಕೋಪ ಬರಿಸುವ ಮಾತಾದರಂತೂ ಅಪಾಯ ಇನ್ನೂ ಹೆಚ್ಚು. ಕೋಪದಲ್ಲಿರುವಾಗ ಖಾಝಿ ತೀರ್ಪು ನೀಡಬಾರದು ಎಂಬ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಮನಸ್ಸನ್ನು ಕದಡುವ ಹಸಿವು, ನಿದ್ರೆ, ದುಃಖಗಳಿಗೂ ಫುಕಹಾಗಳು ಇದೇ ವಿಧಿಯನ್ನು ಅನ್ವಯಿಸಿದ್ದಾರೆ. ಖಾಝಿಗೆ ಯೋಚಿಸಲು ದಿನಗಳ ಕಾಲಾವಕಾಶವಿದೆ. ಚಾಲಕನು ಅರೆಕ್ಷಣದಲ್ಲಿ ತೀರ್ಮಾನಿಸಬೇಕು, ಅದೂ ಪ್ರಾಣಗಳ ಕುರಿತು.

ಈ ವಿಷಯದಲ್ಲಿ ಚಾಲಕನಿಗಿಂತಲೂ ಮನೆಯವರಿಗೆ ಹೇಳಬೇಕಾದ ಮಾತು ಹೆಚ್ಚಿದೆ. ಎಷ್ಟೋ ಕರೆಗಳು ಬರುವುದು ಮನೆಯಿಂದಲೇ. ಎಲ್ಲಿದ್ದೀಯಾ, ಶಹಾಪುರ ದಾಟಿತೇ, ಊಟ ಮಾಡಿದೆಯಾ ಎಂದು ಅಮ್ಮಿ ಕೇಳುತ್ತಾರೆ. ಅಬ್ಬಾ ಕರೆದಾಗ ಎತ್ತದಿದ್ದರೆ ಅಗೌರವ, ದೊಡ್ಡ ಭಾಯಿ ಕರೆದಾಗ ಎತ್ತದಿದ್ದರೆ ಅಹಂಕಾರ ಎಂದು ನಾವು ತಿಳಿಯುತ್ತೇವೆ. ಬಾಡಿಗೆ ಗಾಡಿ ಓಡಿಸುವ ಹುಡುಗನಿಗೆ ಮಾಲೀಕನ ಕರೆ ತಪ್ಪಿದರೆ ಕೆಲಸವೇ ಹೋಗುವ ಭಯ. ಆದರೆ ಇಸ್ಲಾಮ್ ಕಲಿಸಿದ ಶಿಷ್ಟಾಚಾರವೇನು? ಇನ್ನೊಬ್ಬರ ಮನೆಗೆ ಹೋದಾಗ ಮೂರು ಸಲ ಅನುಮತಿ ಕೇಳಿ, ಸಿಗದಿದ್ದರೆ ಮರಳಬೇಕೆಂದು ಹದೀಸ್ ಕಲಿಸುತ್ತದೆ. ಮರಳಿರೆಂದು ಹೇಳಿದರೆ ಮರಳುವುದೇ ಹೆಚ್ಚು ಪರಿಶುದ್ಧ ನಡೆ ಎಂದು ಸೂರಃ ಅನ್ನೂರ್‌ನ 28ನೆಯ ವಚನ ಬೋಧಿಸುತ್ತದೆ. ಫೋನಿನ ಕರೆಯೂ ಒಂದು ಬಾಗಿಲು ತಟ್ಟುವಿಕೆಯೇ. ಎತ್ತದಿದ್ದರೆ ಬೇಸರಿಸದೆ ಸುಮ್ಮನಿರುವುದು ನಮ್ಮ ಅದಬ್. ಎತ್ತಿದರೂ ಸಲಾಮಿನ ನಂತರದ ಮೊದಲ ಪ್ರಶ್ನೆ ಗಾಡಿ ಓಡಿಸುತ್ತಿದ್ದೀಯಾ ಎಂಬುದಾಗಿರಲಿ. ಹೌದೆಂದರೆ ಅಲ್ಲಿಗೇ ಮಾತು ಮುಗಿಯಲಿ. ಮಗನ ಮೇಲಿನ ಪ್ರೀತಿಯನ್ನು ತೋರಿಸಲು ಇದಕ್ಕಿಂತ ಒಳ್ಳೆಯ ವಿಧಾನವಿಲ್ಲ.

ಹ್ಯಾಂಡ್ಸ್‌ಫ್ರೀ ಕರೆಯಲ್ಲಿ ಇನ್ನೊಂದು ಅಮಾನತೂ ಅಡಗಿದೆ. ಕರೆ ಮಾಡಿದವರ ಧ್ವನಿ ಕಾರಿನ ಸ್ಪೀಕರುಗಳಲ್ಲಿ ಎಲ್ಲರಿಗೂ ಕೇಳಿಸುತ್ತದೆ. ಆಚೆಗಿರುವ ಸೋದರಿ ಒಬ್ಬನೇ ಕೇಳುತ್ತಿದ್ದಾನೆಂದು ತಿಳಿದು ತನ್ನ ಸಂಸಾರದ ಕಷ್ಟವನ್ನು ಹೇಳಿಕೊಳ್ಳುತ್ತಿರಬಹುದು. ಇತ್ತ ಹಿಂದಿನ ಸೀಟಿನಲ್ಲಿ ನಾಲ್ವರು ಕೇಳುತ್ತಿರುತ್ತಾರೆ. ಒಬ್ಬನು ಸುತ್ತಮುತ್ತ ನೋಡಿ ಹೇಳಿದ ಮಾತು ಅಮಾನತ್ ಎಂದು ಪ್ರವಾದಿ(ಸ) ಅವರು ಕಲಿಸಿದ್ದಾರೆ. ಅನಿವಾರ್ಯವಾಗಿ ಕರೆ ಸ್ವೀಕರಿಸಿದರೆ, ಕಾರಿನಲ್ಲಿ ಬೇರೆಯವರೂ ಇದ್ದಾರೆಂದು ಮೊದಲೇ ತಿಳಿಸುವುದು ಕಡ್ಡಾಯವೆಂದೇ ಭಾವಿಸೋಣ.

ಆಡಿಯೊದ ವಿಷಯಕ್ಕೆ ಬಂದರೆ ಒಂದು ಸುಂದರ ಹದೀಸ್ ನೆನಪಾಗುತ್ತದೆ. ಅಂಜಶಾ(ರ) ಎಂಬವರು ಒಂಟೆಗಳನ್ನು ಹಾಡಿ ನಡೆಸುವುದರಲ್ಲಿ ನಿಪುಣರು. ಅವರ ದನಿಗೆ ಒಂಟೆಗಳು ವೇಗವನ್ನು ಹೆಚ್ಚಿಸುತ್ತಿದ್ದವು. ಮೇಲೆ ಸ್ತ್ರೀಯರು ಕುಳಿತಿದ್ದ ಒಂದು ಪ್ರಯಾಣದಲ್ಲಿ ಪ್ರವಾದಿ(ಸ) ಅವರು, ಗಾಜಿನ ಪಾತ್ರೆಗಳನ್ನು ಒಯ್ಯುವಂತೆ ಮೆಲ್ಲನೆ ನಡೆಸಲು ಅವರಿಗೆ ಸೂಚಿಸಿದರು. ಕಿವಿಗೆ ಬಿದ್ದ ದನಿ ವೇಗವನ್ನು ಹೆಚ್ಚಿಸುತ್ತದೆಂಬ ಅನುಭವ ಅಷ್ಟು ಹಳೆಯದು. ನಾತ್ ಆಗಿರಲಿ, ಕವ್ವಾಲಿಯಾಗಿರಲಿ, ಆವೇಶದ ಬಯಾನ್ ಆಗಿರಲಿ, ದನಿ ಏರಿದಂತೆ ಕಾಲು ಆಕ್ಸಿಲರೇಟರನ್ನು ಒತ್ತುತ್ತಿದ್ದರೆ ಶಬ್ದವನ್ನು ತಗ್ಗಿಸಬೇಕು ಅಥವಾ ನಿಲ್ಲಿಸಬೇಕು. ಕುರ್‌ಆನ್ ಪಾರಾಯಣವಾದರೆ ಅದಬ್ ಇನ್ನೂ ಹೆಚ್ಚಿನದು. ಪಾರಾಯಣವಾಗುವಾಗ ಮೌನವಾಗಿ ಆಲಿಸಬೇಕೆಂಬ ಆದೇಶ ಸೂರಃ ಅಲ್‌ಅಅರಾಫ್‌ನ 204ನೆಯ ವಚನದಲ್ಲಿದೆ. ತಿಲಾವತ್ ಹಚ್ಚಿಟ್ಟು, ಅದರ ಮೇಲೆಯೇ ಹರಟೆ ಹೊಡೆಯುವುದು ಬರಕತ್ ತರುವ ಕೆಲಸವಲ್ಲ. ದಟ್ಟಣೆಯ ಜಾಗದಲ್ಲಿ ಅದನ್ನು ನಿಲ್ಲಿಸಿ, ತೆರೆದ ರಸ್ತೆಯಲ್ಲಿ ಮತ್ತೆ ಹಚ್ಚುವುದೇ ಅದಕ್ಕೆ ತೋರುವ ಗೌರವ.

ಕೊನೆಯದಾಗಿ ನಕ್ಷೆ. ಹೋಗಬೇಕಾದ ಊರನ್ನು ಕಾರು ಹೊರಡುವ ಮೊದಲೇ ನಮೂದಿಸಿ, ಧ್ವನಿ ಸೂಚನೆಯನ್ನು ಚಾಲೂ ಮಾಡಿಕೊಳ್ಳಬೇಕು. ಬದಲಾವಣೆ ಬೇಕಾದರೆ ಪಕ್ಕದವರು ಮಾಡಲಿ, ಇಲ್ಲವೇ ಗಾಡಿ ನಿಲ್ಲಲಿ. ಮೂವರು ಪ್ರಯಾಣ ಹೊರಟಾಗ ಒಬ್ಬರನ್ನು ಅಮೀರ್ ಮಾಡಿಕೊಳ್ಳುವ ಸುನ್ನತ್ ನಮ್ಮಲ್ಲಿದೆ. ಫೋನ್ ಮತ್ತು ನಕ್ಷೆಯ ಹೊಣೆಯನ್ನು ಚಾಲಕನಲ್ಲದ ಒಬ್ಬರಿಗೆ ವಹಿಸುವುದನ್ನೂ ಅದರೊಂದಿಗೆ ರೂಢಿಸಿಕೊಳ್ಳಬಹುದು. ನಕ್ಷೆಯ ಮಾತೇ ಕೊನೆಯ ಮಾತೂ ಅಲ್ಲ. ನಾರಾಯಣಪುರ ಜಲಾಶಯದಿಂದ ಕೃಷ್ಣೆಗೆ ಹೆಚ್ಚು ನೀರು ಬಿಟ್ಟಾಗ ಕೊಳ್ಳೂರು(ಎಂ) ಸೇತುವೆ ಮುಳುಗಿ ಸಂಚಾರ ನಿಲ್ಲುತ್ತದೆ. 2019ರ ಪ್ರವಾಹದಲ್ಲಿ ಇದನ್ನು ಎಲ್ಲರೂ ಕಂಡಿದ್ದಾರೆ. ಅಂತಹ ದಿನ ಪರದೆಯ ಮೇಲಿನ ಗೆರೆಗಿಂತ, ಸೇತುವೆಯ ಬಳಿ ನಿಂತು ಬೇಡವೆನ್ನುವ ಪೊಲೀಸರ ಮತ್ತು ಊರವರ ಮಾತನ್ನು ನಂಬಬೇಕು. ಆ ಊರವರು ಯಾವ ಧರ್ಮದವರೇ ಆಗಿರಲಿ, ಅಬ್ದುಲ್ಲಾ ಬಿನ್ ಉರೈಕಿತ್‌ನಂತೆ ಅವರು ದಾರಿ ಬಲ್ಲವರು.

ಜುಮಾದ ಖುತ್ಬಾಗಳಲ್ಲಿ ನಮಾಝಿನ ಏಕಾಗ್ರತೆಯ ಕುರಿತು ನಾವು ಬಹಳ ಕೇಳಿದ್ದೇವೆ. ರಸ್ತೆಯ ಏಕಾಗ್ರತೆಯ ಕುರಿತೂ ನಮ್ಮ ಮಸೀದಿಗಳಲ್ಲಿ ಮಾತು ನಡೆಯಬೇಕು. ನಮಾಝಿನಲ್ಲಿ ಮನಸ್ಸು ಅಲೆದರೆ ಹಾನಿಯಾಗುವುದು ನಮ್ಮ ನಮಾಝಿಗೆ. ರಸ್ತೆಯಲ್ಲಿ ಅಲೆದರೆ ಹಾನಿಯಾಗುವುದು ಇನ್ನೊಬ್ಬರ ಮನೆಗೆ. ವಾಹನವನ್ನು ನಮಗೆ ಅಧೀನಗೊಳಿಸಿದ ಅಲ್ಲಾಹನು ನಮ್ಮ ಮನಸ್ಸನ್ನೂ ನಮ್ಮ ಹತೋಟಿಯಲ್ಲಿಡಲು ಅನುಗ್ರಹಿಸಲಿ. ಹೊರಟವರನ್ನೆಲ್ಲ ಸುರಕ್ಷಿತವಾಗಿ ಮನೆ ಸೇರಿಸಲಿ. ಆಮೀನ್.