ಬಡಾವಣೆಯನ್ನಲ್ಲ, ಊರನ್ನು ಆರಿಸಿಕೊಳ್ಳಿ



ಬೆಂಗಳೂರಿನ ಹೊರವಲಯದಲ್ಲಿ ಮನೆ ಮಾಡಬೇಕೆಂದಿರುವ ನಿಮ್ಮಲ್ಲಿ ಹಲವರು ಇತ್ತೀಚೆಗೆ ನನ್ನ ಅಭಿಪ್ರಾಯವನ್ನು ಕೇಳುತ್ತಿದ್ದೀರಿ. ಕೇಳುವ ರೀತಿ ಮಾತ್ರ ಎಲ್ಲರದೂ ಒಂದೇ. ಚದರಡಿಗೆ ಇಷ್ಟು, ಕಚೇರಿಗೆ ಇಷ್ಟು ನಿಮಿಷ, ಐದು ವರ್ಷಗಳಲ್ಲಿ ಬೆಲೆ ಇಮ್ಮಡಿ, "ತಗೊಳ್ಳಬಹುದಾ ಸಾರ್?" ಈ ಮೂರು ಸಂಖ್ಯೆಗಳನ್ನು ಬಿಟ್ಟು ಆ ಸ್ಥಳದ ವಿಷಯ ಮತ್ತೇನು ಗೊತ್ತು ಎಂದು ನಾನು ಮರುಪ್ರಶ್ನೆ ಹಾಕಿದರೆ ಆ ಕಡೆಯಿಂದ ಮೌನ. ಅಲ್ಲಿಯ ಮಳೆನೀರು ಯಾವ ದಿಕ್ಕಿಗೆ ಹರಿಯುತ್ತದೆ, ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಮಗು ನಡೆದು ಹೋಗಬಹುದಾದ ಶಾಲೆ ಇದೆಯೇ, ಸಂತೆ ಯಾವ ವಾರ, ಇದಾವುದೂ ತಿಳಿಯದು. ಸಂಬಂಧ ಬೆಳೆಸಲು ಹೋಗಿ ಒಡವೆಯ ತೂಕವನ್ನಷ್ಟೇ ವಿಚಾರಿಸಿಕೊಂಡು ಬಂದ ಬೀಗರ ಕಥೆಯಾಯಿತು ಇದು.

ಒಬ್ಬೊಬ್ಬರಿಗೂ ದೂರವಾಣಿಯಲ್ಲಿ ಹೇಳಿದ್ದನ್ನೇ ಹೇಳುವ ಬದಲು ಇಲ್ಲಿ ಬರೆದುಬಿಡುತ್ತೇನೆ. ಕೆಲವರಿಗೆ ಇದು ರುಚಿಸಲಾರದು. ನನ್ನ ಅಭಿಮತವಿಷ್ಟೆ: ಮನೆ ಕೊಳ್ಳುವವರು ಬಡಾವಣೆಯನ್ನಲ್ಲ, ಊರನ್ನು ಆರಿಸಬೇಕು. ಮಹಾನಗರವು ತನ್ನ ಬಾಗಿಲಿಗೆ ಬರುವ ಮೊದಲೇ ಊರಾಗಿದ್ದ, ಶಾಲೆ, ಸಂತೆ, ಆಸ್ಪತ್ರೆ, ರೈಲು ನಿಲ್ದಾಣಗಳನ್ನು ತನ್ನದೇ ಆಗಿ ಉಳ್ಳ ಸ್ಥಳದಲ್ಲಿ ಮನೆ ಚಿಕ್ಕದಾದರೂ ಚಿಂತೆಯಿಲ್ಲ. ಹೊಲಗಳ ನಡುವೆ ಗೋಡೆಯೆಬ್ಬಿಸಿ, ಪರದೇಶದ ಊರಿನ ಹೆಸರಿಟ್ಟು, ಹೆಬ್ಬಾಗಿಲಿಗೆ ಕಾವಲುಗಾರನನ್ನು ನಿಲ್ಲಿಸಿ ಮಾರುವ ಆವರಣ ಎಷ್ಟೇ ಸುಂದರವಾಗಿದ್ದರೂ ಅದರಿಂದ ದೂರವಿರುವುದು ಲೇಸು.

ಹೊರವಲಯದಲ್ಲಿ ನೆಲೆಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಬಸವನಗುಡಿ, ಮಲ್ಲೇಶ್ವರಗಳೂ ಒಂದು ಕಾಲಕ್ಕೆ ಹೊರವಲಯಗಳೇ. ಪೇಟೆಯ ಇಕ್ಕಟ್ಟಿನಲ್ಲಿ 1898ರ ಪ್ಲೇಗು ಜನರನ್ನು ಕೊಂದಾಗ ಆ ಹೊಸ ಬಡಾವಣೆಗಳಿಗೆ ಜನ ಬಂದರು. ಆದರೆ ಅಲ್ಲಿ ಮೊದಲು ರಸ್ತೆ, ಚರಂಡಿ, ಮನೆಗಳ ಹಿಂದಿನ ಓಣಿಗಳು ರೂಪುಗೊಂಡವು. ಮನೆಗಳು ಅನಂತರ ಎದ್ದವು. 1948ರಲ್ಲಿ ಆರಂಭವಾದ ಜಯನಗರಕ್ಕೂ ಮಾರುಕಟ್ಟೆ, ಉದ್ಯಾನ, ಶಾಲೆಗಳ ಕಲ್ಪನೆ ಮೊದಲೇ ಇತ್ತು. ಈಗ ನಡೆಯುತ್ತಿರುವುದು ಇದಕ್ಕೆ ತದ್ವಿರುದ್ಧ. ಮೊದಲು ಜಾಹೀರಾತು, ಆಮೇಲೆ ಮನೆ, ಆಮೇಲೆ ಸಾಲದ ಕಂತು. ರಸ್ತೆ, ನೀರು, ಒಳಚರಂಡಿಗಳ ಸರದಿ ಎಲ್ಲಕ್ಕಿಂತ ಕೊನೆಗೆ.

ನೀರಿನ ವಿಚಾರವನ್ನೇ ಮೊದಲು ತೆಗೆದುಕೊಳ್ಳೋಣ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ದಿಣ್ಣೆಯ ಮೇಲೆ ಕುಳಿತಿರುವ ನಗರ, ಮಗ್ಗುಲಲ್ಲಿ ಜೀವನದಿಯಿಲ್ಲ. 1890ರ ದಶಕದಲ್ಲಿ ಹೆಸರಘಟ್ಟ, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿ, 1974ರಿಂದ ಕಾವೇರಿ, ಹೀಗೆ ನಗರವು ನೀರನ್ನರಸಿ ದೂರ ದೂರ ಹೋಗಿದೆ. ಇಂದು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ಕೊಳವೆಯಲ್ಲಿ ಸಾಗಿಸಿ, ಸುಮಾರು 500 ಮೀಟರ್ ಮೇಲಕ್ಕೆತ್ತಿದ ನೀರನ್ನು ನಾವು ಹಲ್ಲುಜ್ಜಲು ಬಳಸುತ್ತೇವೆ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆಗಳೊಡನೆ 110 ಹಳ್ಳಿಗಳನ್ನು ಮಹಾನಗರ ಪಾಲಿಕೆಗೆ ಸೇರಿಸಿದಾಗ, "ಇನ್ನೇನು ಕಾವೇರಿ ಬಂದೇಬಿಟ್ಟಿತು" ಎಂದು ದಲ್ಲಾಳಿಗಳು ನಿವೇಶನ ಮಾರಿದರು. ಆ ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ಐದನೆಯ ಹಂತಕ್ಕೆ ಚಾಲನೆ ದೊರೆತದ್ದು 2024ರ ಅಕ್ಟೋಬರಿನಲ್ಲಿ. ಲೆಕ್ಕ ಹಾಕಿ: ಗೃಹಪ್ರವೇಶದ ವರ್ಷ ಹುಟ್ಟಿದ ಕೂಸು ಪದವಿಪೂರ್ವ ಕಾಲೇಜಿಗೆ ಸೇರುವವರೆಗೆ ಆ ಮನೆ ಟ್ಯಾಂಕರ್ ನೀರಿನಲ್ಲೇ ಬದುಕಿತು. ಪಾಲಿಕೆಯ ಎಲ್ಲೆಯೊಳಗಿನ ಹಳ್ಳಿಗಳ ಪಾಡೇ ಇದಾದರೆ, ಎಲ್ಲೆಯಿಂದಾಚೆ ಇಪ್ಪತ್ತು ಕಿಲೋಮೀಟರಿನಲ್ಲಿ "ಕಾವೇರಿ ಸಂಪರ್ಕ ಸದ್ಯದಲ್ಲೇ" ಎಂಬ ಫಲಕದ ಮುಂದೆ ನಿಂತು ಮುಂಗಡ ಕೊಡುವವರಿಗೆ ಏನು ಹೇಳುವುದು?

2024ರ ಬೇಸಿಗೆಯನ್ನು ಇಷ್ಟು ಬೇಗ ಮರೆತಿರಾ? ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಸಾವಿರಾರು ಕೊಳವೆಬಾವಿಗಳು ಬತ್ತಿದವು. ಟ್ಯಾಂಕರ್ ನೀರಿಗೆ ಸರ್ಕಾರವೇ ದರ ನಿಗದಿ ಮಾಡಬೇಕಾಯಿತು. ಕೋಟಿ ರೂಪಾಯಿಯ ಮನೆಯಲ್ಲಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆ ಮಾರ್ಚ್ ತಿಂಗಳಲ್ಲಿ ಸ್ನಾನಕ್ಕೆಂದು ಪತ್ನೀಪುತ್ರರನ್ನು ಶನಿವಾರ ಶನಿವಾರ ತುಮಕೂರಿನ ಮಾವನ ಮನೆಗೆ ಕರೆದೊಯ್ಯುತ್ತಿದ್ದ. ಆ ಆವರಣದಲ್ಲಿ ಈಜುಕೊಳವಿತ್ತು ಎಂಬುದನ್ನೂ ಸೇರಿಸಿ ಓದಿಕೊಳ್ಳಿ.

ಇನ್ನು ಬೇಡದ ನೀರಿನ ಕಥೆ. ನಮ್ಮ ಪೂರ್ವಿಕರು ಕೆರೆಗಳನ್ನು ಒಂದರ ಕೆಳಗೊಂದು ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಯನ್ನು ಸೇರಬೇಕು; ಬೆಳ್ಳಂದೂರಿನದು ವರ್ತೂರಿಗೆ, ವರ್ತೂರಿನದು ದಕ್ಷಿಣ ಪಿನಾಕಿನಿಗೆ. ಆ ಕಾಲುವೆಯ ಮೇಲೆ ಮನೆ ಕಟ್ಟಿದರೆ ನೀರು ತನ್ನ ದಾರಿಯನ್ನು ಮರೆಯುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆಗಳ ಸಿರಿವಂತ ಬಡಾವಣೆಗಳಿಂದ ಜನರನ್ನು ದೋಣಿಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಹೊರತಂದುದನ್ನು ದೇಶವೇ ನೋಡಿತು. 2025ರ ಮೇ ತಿಂಗಳಲ್ಲಿ ಹೊರಮಾವು ಕಡೆಯ ತಗ್ಗು ಬಡಾವಣೆಗಳು ಮತ್ತೆ ಮುಳುಗಿದವು. ವಾರ್ತೆಯಲ್ಲಿ ಪ್ರತಿಬಾರಿಯೂ "ಅನಿರೀಕ್ಷಿತ ಮಳೆ" ಎನ್ನುತ್ತಾರೆ. ಮಳೆಗಾಲದ ಮಳೆಯಲ್ಲಿ ಅನಿರೀಕ್ಷಿತವಾದದ್ದು ಏನಿದೆಯೋ ನಾನರಿಯೆ.

ಕನ್ನಡದ ಮೇಷ್ಟ್ರಾಗಿ ನನಗೆ ವ್ಯಥೆಯಾಗುವ ಸಂಗತಿ ಇನ್ನೊಂದಿದೆ. ಈ ಎಚ್ಚರಿಕೆಯೆಲ್ಲ ಊರುಗಳ ಹೆಸರಿನಲ್ಲಿಯೇ ಬರೆದಿದೆ, ಓದುವವರಿಲ್ಲ. ಅರಕೆರೆ, ಮತ್ತಿಕೆರೆಗಳಲ್ಲಿ ಕೆರೆಯಿದೆ. ಕುಂಟೆ, ಕಟ್ಟೆ ಎಂಬ ಕೊನೆಯುಳ್ಳ ಹೆಸರುಗಳು ನೀರು ನಿಲ್ಲುತ್ತಿದ್ದ ತಾಣಗಳನ್ನು ಸೂಚಿಸುತ್ತವೆ. ಬೊಮ್ಮಸಂದ್ರ, ಸಿಂಗಸಂದ್ರ, ದೊಮ್ಮಸಂದ್ರಗಳ "ಸಂದ್ರ" ಎಂಬುದು "ಸಮುದ್ರ"ದ ತದ್ಭವ. ದೊಡ್ಡ ಕೆರೆಗೆ ಸಮುದ್ರವೆನ್ನುವುದು ನಮ್ಮಲ್ಲಿ ರೂಢಿ, ದ್ವಾರಸಮುದ್ರವನ್ನು ನೆನೆಯಿರಿ. ಇಂಥ ಹೆಸರಿದ್ದ ಮಾತ್ರಕ್ಕೆ ಆ ಊರೇ ತ್ಯಾಜ್ಯವೆಂದಲ್ಲ. ಕೆರೆ ಈಗಲೂ ಇದೆಯೇ, ಇದ್ದರೆ ನೀವು ಕೊಳ್ಳುವ ನಿವೇಶನ ಏರಿಯ ಮೇಲುಗಡೆಯೋ ಕೆಳಗಡೆಯೋ ಎಂದು ಕೇಳಲು ಆ ಹೆಸರೇ ಸಾಕು. ಕೆರೆ ಕಾಣದಾಗಿದ್ದರೆ ಅದು ಎಲ್ಲಿಗೆ ಹೋಯಿತು ಎಂದು ಇನ್ನೂ ಗಟ್ಟಿಯಾಗಿ ಕೇಳಬೇಕು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಹೆಸರಿಲ್ಲದ ಕುಂಟೆಗಳು ಯಾರ ಯಾರ ಹಜಾರವಾಗಿವೆಯೋ.

ಊರಿನ ಹೆಸರನ್ನೇ ಓದದವರು ಪತ್ರಗಳನ್ನು ಓದುತ್ತಾರೆಯೇ? ಎರಡೆರಡು ಪದವಿ ಪಡೆದವರು ತಮ್ಮ ಕ್ರಯಪತ್ರವನ್ನು ಒಮ್ಮೆಯೂ ಓದದೆ ರುಜು ಹಾಕಿದ್ದನ್ನು ನಾನು ಕಂಡಿದ್ದೇನೆ. ಪಹಣಿಯಲ್ಲಿ "ಬಿ ಖರಾಬು" ಎಂದಿದ್ದರೆ ಅಷ್ಟು ಜಾಗ ರಸ್ತೆ, ಹಳ್ಳ, ಸ್ಮಶಾನಗಳಂಥ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು. ಅದನ್ನು ಮಾರುವ ಹಕ್ಕು ಯಾವ ಮಾಲೀಕನಿಗೂ ಇಲ್ಲ. ಚೆಕ್ಕುಬಂದಿಯಲ್ಲಿ "ಪೂರ್ವಕ್ಕೆ ಹಳ್ಳ" ಎಂದಿದ್ದು, ಸ್ಥಳದಲ್ಲಿ ಪೂರ್ವಕ್ಕೆ ಕಾಂಕ್ರೀಟ್ ರಸ್ತೆ ಕಂಡರೆ ಆ ಹಳ್ಳ ಎಲ್ಲಿದೆ ಎಂದು ಯೋಚಿಸಬೇಡವೇ? ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು 1978ರ ಕಾಯಿದೆಯಂತೆ ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಮಾಡುವಂತಿಲ್ಲ. ಎಷ್ಟು ಕಾಲವಾದರೂ ಮೂಲ ಮಂಜೂರಿದಾರರು ಅದನ್ನು ಮರಳಿ ಕೇಳಬಹುದೆಂದು 2023ರಲ್ಲಿ ತಿದ್ದುಪಡಿಯೂ ಆಗಿದೆ. ಅದು ನ್ಯಾಯವೇ. ಬಡವನ ಭೂಮಿಯ ಮೇಲೆ ನಮ್ಮ ಮಹಡಿ ಏಳಬಾರದು. ಕೃಷಿಭೂಮಿಗೆ 1964ರ ಭೂಕಂದಾಯ ಕಾಯಿದೆಯ 95ನೆಯ ಪ್ರಕರಣದಂತೆ ಪರಿವರ್ತನೆ ಆಗಿದೆಯೇ, ಬಡಾವಣೆಯ ನಕ್ಷೆಗೆ ಅನುಮೋದನೆ ಇದೆಯೇ ಎಂಬುದು ಅನಂತರದ ಪ್ರಶ್ನೆ. "ಬಿ ಖಾತೆಯಾದರೇನು, ಸಕ್ರಮ ಆಗುತ್ತೆ ಬಿಡಿ" ಎಂಬ ಮಾತನ್ನು ನಂಬಿದವರ ಪೈಕಿ ಎಷ್ಟೋ ಮಂದಿ, ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಗಳಿಗೆ ನೀರು, ವಿದ್ಯುತ್ ಸಂಪರ್ಕ ಕೊಡಬಾರದೆಂದು ಸರ್ವೋಚ್ಚ ನ್ಯಾಯಾಲಯ 2024ರ ಡಿಸೆಂಬರಿನಲ್ಲಿ ಆದೇಶಿಸಿದ ಮೇಲೆ ಕತ್ತಲೆಯ ಮನೆಯ ಮುಂದೆ ನಿಲ್ಲಬೇಕಾಯಿತು.

ಇದಕ್ಕೆ ಉತ್ತರವಾಗಿ, ದೊಡ್ಡ ಸಂಸ್ಥೆಗಳು ಕಟ್ಟಿದ ಆವರಣಗಳಲ್ಲಿ ಪತ್ರಗಳೆಲ್ಲ ಸರಿಯಾಗಿರುತ್ತವೆ ಎನ್ನುವಿರಿ. ಇರಲಿ. ಮಕ್ಕಳ ಲೆಕ್ಕಕ್ಕೆ ಬರೋಣ. 2009ರ ಶಿಕ್ಷಣ ಹಕ್ಕು ಕಾಯಿದೆ ಆರರಿಂದ ಎಂಟನೆಯ ತರಗತಿಯವರೆಗೆ ವರ್ಷಕ್ಕೆ 220 ದಿನ, 1000 ಗಂಟೆಗಳ ಬೋಧನೆಯನ್ನು ವಿಧಿಸಿದೆ. ಹೋಗಲು ಒಂದೂಕಾಲು ಗಂಟೆ, ಬರಲು ಒಂದೂಕಾಲು ಗಂಟೆ ಶಾಲಾಬಸ್ಸಿನಲ್ಲಿ ಕೂರುವ ಮಗು ಅದೇ 220 ದಿನಗಳಲ್ಲಿ 550 ಗಂಟೆಗಳನ್ನು ರಸ್ತೆಯಲ್ಲಿ ಕಳೆಯುತ್ತದೆ. ಕಲಿತ ಕಾಲದ ಅರ್ಧಕ್ಕೂ ಮಿಗಿಲು ತೂಕಡಿಸಿದ ಕಾಲ! ಚಿಕ್ಕ ತರಗತಿಯ ಮಕ್ಕಳಿಗೆ ಒಂದು ಕಿಲೋಮೀಟರಿನೊಳಗೆ, ದೊಡ್ಡವರಿಗೆ ಮೂರು ಕಿಲೋಮೀಟರಿನೊಳಗೆ ಶಾಲೆಯಿರಬೇಕೆಂದು ನಿಯಮಗಳು ಹೇಳಿರುವುದು ವಿನೋದಕ್ಕಲ್ಲ. ನಮ್ಮ ಪ್ರೌಢಶಾಲೆಗೆ ಹೊಲದ ಬದುಗಳ ಮೇಲೆ ನಡೆದು ಬರುತ್ತಿದ್ದವರು ನೀವೇ. ದಾರಿಯಲ್ಲಿ ನೇರಳೆ ಹಣ್ಣು ಆಯ್ದು, ಜಗಳವಾಡಿ, ಮತ್ತೆ ಸ್ನೇಹಿತರಾಗಿ, ನೇರಳೆ ಬಣ್ಣದ ನಾಲಗೆಯಲ್ಲಿ ಪದ್ಯ ಒಪ್ಪಿಸುತ್ತಿದ್ದಿರಿ. ನಿಮ್ಮ ಮಕ್ಕಳಿಗೆ ಅಂಥ ಹತ್ತು ನಿಮಿಷದ ದಾರಿಯನ್ನೂ ಉಳಿಸದೆ ಕ್ರೀಡಾಸಂಕೀರ್ಣದ ಸದಸ್ಯತ್ವ ಕೊಡಿಸುತ್ತೀರಿ.

ಹಿರಿಯರ ಸ್ಥಿತಿ ಇದಕ್ಕಿಂತ ಕಠಿಣ. ಹಾಸನದಿಂದಲೋ ಶಿವಮೊಗ್ಗದಿಂದಲೋ ಊರಿನ ಮನೆ ಮಾರಿಸಿ ಕರೆತಂದ ತಂದೆತಾಯಿಯರನ್ನು ಹದಿನಾಲ್ಕನೆಯ ಅಂತಸ್ತಿನಲ್ಲಿ ಕೂರಿಸಿ ಇಬ್ಬರೂ ಕೆಲಸಕ್ಕೆ ಹೊರಡುತ್ತೀರಿ. ಆ ತಾಯಿಗೆ ನಾಲ್ಕು ಹೆಜ್ಜೆ ನಡೆದು ಹೂ ತರಲು ಅಂಗಡಿಯಿಲ್ಲ; ತಂದೆಗೆ ಪತ್ರಿಕೆ ಓದಿ ಹರಟಲು ಕಟ್ಟೆಯಿಲ್ಲ; ಎದೆನೋವು ಬಂದರೆ ಹೆದ್ದಾರಿಯ ವಾಹನದಟ್ಟಣೆ ದಾಟಿ ಆಸ್ಪತ್ರೆ ಸೇರಬೇಕು. ಸೊಪ್ಪು ಮಾರುವವಳನ್ನು ಒಳಗೆ ಬಿಡಬೇಕೇ ಬೇಡವೇ ಎಂದು ಕೈಯಲ್ಲಿರುವ ಯಂತ್ರವನ್ನು ಒತ್ತಿ ತಿಳಿಸಬೇಕಂತೆ! ಇದಕ್ಕೆ ಭದ್ರತೆಯೆಂದು ಹೆಸರು. ನೆರೆಯವನ ಹೆಸರೇ ತಿಳಿಯದ ಸ್ಥಳದಲ್ಲಿ ಎಂಥ ಭದ್ರತೆ?

ಕಚೇರಿಗೆ ಹತ್ತಿರವೆಂಬ ವಾದ ಕೇಳುವುದಕ್ಕೆ ಬಲವಾಗಿದೆ. ಆದರೆ ನಿಮ್ಮಲ್ಲಿ ಒಂದೇ ಕಚೇರಿಯಲ್ಲಿ ಹತ್ತು ವರ್ಷ ಇದ್ದವರು ಎಷ್ಟು ಮಂದಿ? ಉದ್ಯೋಗ ಮೂರು ವರ್ಷಕ್ಕೊಮ್ಮೆ ಬದಲಾಗುತ್ತದೆ, ಸಾಲ ಇಪ್ಪತ್ತು ವರ್ಷ ಇರುತ್ತದೆ. ಬದಲಾಗದಿರುವುದು ರೈಲು ಹಳಿ. ಹಳಿಯೆಂದರೆ ನೆಲದ ಮೇಲೆ ಇರುವ ಹಳಿ. ಜಾಹೀರಾತಿನ ನಕ್ಷೆಯಲ್ಲಿ ಚುಕ್ಕೆಚುಕ್ಕೆಯಾಗಿ ಬಿಡಿಸಿದ್ದಲ್ಲ. ಹೊರ ಪರಿಧಿಯ ವರ್ತುಲ ರಸ್ತೆಗೆ 2000ದ ದಶಕದಲ್ಲೇ ಅಧಿಸೂಚನೆಯಾಯಿತು. ರೈತರು ಜಮೀನನ್ನು ಮಾರಲೂ ಆಗದೆ, ಪರಿಹಾರವೂ ದೊರೆಯದೆ ವರ್ಷಗಟ್ಟಲೆ ಕಾದರು. ಉಪನಗರ ರೈಲಿಗೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಮಾಡಿ 40 ತಿಂಗಳಲ್ಲಿ ಮುಗಿಸುವುದಾಗಿ ಹೇಳಿದರು. ಆ ಗಡುವು ಕಳೆದಿದೆ. ಹೆಸರು ಬದಲಾದರೂ ನಿವೇಶನದ ಬೆಲೆ ಏರಿಸುವವರಿದ್ದಾರೆ: ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರಿಟ್ಟ ಮೇಲೆ ದಲ್ಲಾಳಿಗಳ ದೂರವಾಣಿ ಕರೆ ನನಗೂ ಬಂತು.

ಹಾಗಾದರೆ ಎಲ್ಲಿ ಎಂದು ಕೇಳುವಿರಿ. ಹಣವಿದ್ದರೆ ಕೆಂಗೇರಿ, ಯಲಹಂಕಗಳ ಹಳೆಯ ಭಾಗಗಳನ್ನು ನೋಡಿ. ಎರಡಕ್ಕೂ ರೈಲು ನಿಲ್ದಾಣವಿದೆ. ಕೆಂಗೇರಿಗೆ 2021ರಿಂದ ಮೆಟ್ರೋ ಕೂಡ ಬಂದಿದೆ. ಯಲಹಂಕವಂತೂ ಬೆಂಗಳೂರಿಗಿಂತ ಹಳೆಯ ಊರು, ಕೆಂಪೇಗೌಡರ ಮನೆತನದ ನೆಲೆ. ಅಷ್ಟು ಹಣವಿಲ್ಲದಿದ್ದರೆ ಮೈಸೂರು ಮಾರ್ಗದ ರಾಮನಗರ, ಚನ್ನಪಟ್ಟಣ, ಪೂರ್ವದಲ್ಲಿ ಮಾಲೂರು, ಉತ್ತರದಲ್ಲಿ ನೇಕಾರರ ಊರಾದ ದೊಡ್ಡಬಳ್ಳಾಪುರ. ಇವು ಸ್ವರ್ಗಗಳಲ್ಲ. ದೊಡ್ಡಬಳ್ಳಾಪುರ, ಮಾಲೂರುಗಳ ಕಡೆ ಅಂತರ್ಜಲ ಬಹಳ ಆಳಕ್ಕೆ ಇಳಿದಿದೆ. ನಗರಸಭೆ, ಪುರಸಭೆಯ ನಲ್ಲಿಯಲ್ಲಿ ವಾರಕ್ಕೆ ಎಷ್ಟು ದಿನ ನೀರು ಬರುತ್ತದೆಂದು ಆ ಬೀದಿಯ ಗೃಹಿಣಿಯರನ್ನೇ ಕೇಳಬೇಕು, ಮಾರುವವನನ್ನಲ್ಲ. ನಿತ್ಯ ರೈಲಿನಲ್ಲಿ ನಿಂತು ಹೋಗುವುದು ಸುಖವೂ ಅಲ್ಲ. ಆದರೂ ಅಲ್ಲಿ ಕಾಲೇಜಿದೆ, ಸರ್ಕಾರಿ ಆಸ್ಪತ್ರೆಯಿದೆ, ಸಂತೆಯಿದೆ, ಚುನಾಯಿತ ಸದಸ್ಯನ ಮನೆ ಎಲ್ಲಿದೆಯೆಂದು ಎಲ್ಲರಿಗೂ ಗೊತ್ತಿದೆ. ನಲ್ಲಿ ಒಣಗಿದರೆ ಹೋಗಿ ಬಾಗಿಲು ಬಡಿಯಬಹುದು.

ಆರಿಸಿಕೊಂಡ ಸ್ಥಳಕ್ಕೆ ಮೂರು ಸಲ ಹೋಗಿ: ಜೋರು ಮಳೆಯ ಮಾರನೆಯ ಬೆಳಿಗ್ಗೆ ಒಮ್ಮೆ, ಏಪ್ರಿಲ್ ತಿಂಗಳ ಮಧ್ಯಾಹ್ನ ಒಮ್ಮೆ, ಶಾಲೆ ಬಿಡುವ ಸಂಜೆ ಒಮ್ಮೆ. ರಾಜ್ಯ ಸರ್ಕಾರದ "ದಿಶಾಂಕ್" ಎಂಬ ತಂತ್ರಾಂಶವನ್ನು ದೂರವಾಣಿಗೆ ಇಳಿಸಿಕೊಂಡರೆ, ನೀವು ನಿಂತ ನೆಲದ ಸರ್ವೆ ನಂಬರು ಯಾವುದು, ಹತ್ತಿರದಲ್ಲಿ ಕೆರೆ, ಕಾಲುವೆ ಇದೆಯೇ ಎಂಬುದನ್ನು ಅದು ತೋರಿಸುತ್ತದೆ. ಗ್ರಾಮನಕ್ಷೆಯೊಡನೆ ಅದನ್ನು ತಾಳೆ ನೋಡಿ. ವಕೀಲರಿಗೆ ಪತ್ರಗಳನ್ನು ಕೊಡುವುದು ಹೇಗೂ ಇದ್ದೇ ಇದೆ. ಅದಕ್ಕೆ ಮುಂಚೆ ಹಳೆಯ ಕ್ರಯಪತ್ರಗಳ ಕನ್ನಡ ಅರ್ಥವಾಗದಿದ್ದರೆ ಅವುಗಳ ನಕಲನ್ನು ನನಗೆ ಕಳುಹಿಸಿ. ಬಿಡುವಿದೆ, ಕನ್ನಡಕವೂ ಹೊಸದು. ಚೆಕ್ಕುಬಂದಿಯ ನಾಲ್ಕು ಸಾಲುಗಳನ್ನು ಬಿಡಿಸಿ ಹೇಳುತ್ತೇನೆ. ಮುಂಗಡ ಕೊಡುವ ಮೊದಲು ಕಳುಹಿಸಬೇಕು.