ಬಿಟ್ಟ ಮೀನಿನ ಪುಣ್ಯ

ಕಂಪನಿ ಕೆಲಸದ ಮೇಲೆ ಒಸಾಕಾದಲ್ಲಿ ಎರಡು ವರ್ಷವಿದ್ದು ಪುಣೆಗೆ ಮರಳಿದ ಗೆಳೆಯರೊಬ್ಬರು ನಮ್ಮ ಬಳಗದ ಕಳೆದ ಸಭೆಯಲ್ಲಿ ಒಂದು ಪ್ರವಾಸಲೇಖನ ಓದಿದರು. ಬಿವಾ ಸರೋವರದಲ್ಲಿ ಸಹೋದ್ಯೋಗಿಗಳೊಡನೆ ಬಾಸ್ ಮೀನಿನ ಗಾಳಸ್ಪರ್ಧೆಗೆ ಇಳಿದದ್ದು, ನಸುಕಿನ ಮಂಜು, ರಬ್ಬರಿನ ಹುಸಿ ಎರೆ, ದಾರ ಬಿಗಿದಾಗ ತೋಳಿಗೆ ಹತ್ತಿದ ನಡುಕ ಎಲ್ಲವೂ ಅದರಲ್ಲಿ ಚೆನ್ನಾಗಿ ಬಂದಿದ್ದವು. ಕೊನೆಯಲ್ಲಿ ಹಿಡಿದ ಮೂರು ಮೀನನ್ನೂ ತೂಕ ಮಾಡಿಸಿ ಮತ್ತೆ ನೀರಿಗೆ ಬಿಟ್ಟ ಪ್ರಸಂಗ. ಸಭೆ ಚಪ್ಪಾಳೆ ತಟ್ಟಿತು, ನಾವೂ ತಟ್ಟಿದೆವು. ನಮ್ಮಲ್ಲಿ ಹೆಚ್ಚಿನವರು ಮೀನು ತಿನ್ನದವರು. ಕೊಲ್ಲದೆ ಗೆಲ್ಲುವ ಆಟವೊಂದು ಜಗತ್ತಿನಲ್ಲಿ ಇದೆಯೆಂಬುದು ನಮಗೆ ಹಿತವಾಗಿ ಕೇಳಿಸಿತು. ಆ ಚಪ್ಪಾಳೆಯನ್ನು ಹಿಂತೆಗೆದುಕೊಳ್ಳಲೆಂದೇ ಈಗ ಬರೆಯುತ್ತಿದ್ದೇವೆ.

ಬಿವಾ ಇರುವ ಶಿಗಾ ಪ್ರಾಂತದಲ್ಲಿ 2003ರ ಏಪ್ರಿಲ್‌ನಿಂದ ಒಂದು ಕಟ್ಟಳೆ ಜಾರಿಯಲ್ಲಿದೆ: ವಿನೋದಕ್ಕಾಗಿ ಗಾಳ ಹಾಕುವವರು ಹಿಡಿದ ಬಾಸ್ ಮತ್ತು ಬ್ಲೂಗಿಲ್ ಮೀನನ್ನು ಸರೋವರಕ್ಕೆ ಮರಳಿ ಬಿಡತಕ್ಕದ್ದಲ್ಲ. ದಡದಲ್ಲಿ ಅದಕ್ಕೆಂದೇ ಪೆಟ್ಟಿಗೆಗಳನ್ನು ಇರಿಸಲಾಗಿದೆ. ಹಿಡಿದದ್ದನ್ನು ಅದರಲ್ಲಿ ಹಾಕಬೇಕು. ಅಂದರೆ ನಮ್ಮ ಗೆಳೆಯರು ಕರುಣೆಯೆಂದು ಮಾಡಿದ್ದು ಆ ನೆಲದ ಜನ ಮಾಡಬೇಡಿರೆಂದು ಬರೆದಿಟ್ಟ ಕೆಲಸ. ಅವರಿಗೆ ಅದು ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲದೆಯೇ ಪುಣ್ಯದ ಲೆಕ್ಕ ಬರೆದುಕೊಂಡೆವಲ್ಲ, ನಮ್ಮ ತಕರಾರು ಅದರ ಬಗ್ಗೆ.

ಬಿವಾ ಸುಮಾರು 670 ಚದರ ಕಿಲೋಮೀಟರಿನ ನೀರು. ಜಪಾನಿನ ಅತಿ ದೊಡ್ಡ ಸರೋವರ, ಜಗತ್ತಿನ ಅತಿ ಹಳೆಯವುಗಳಲ್ಲಿ ಒಂದು. ಬೇರೆಲ್ಲೂ ಕಾಣದ ಜೀವಿಗಳು ಅಲ್ಲಿವೆ. ನಿಗೊರೊಬುನ ಎಂಬ ಅಲ್ಲಿಯದೇ ಮೀನನ್ನು ಉಪ್ಪಿನಲ್ಲಿಯೂ ಆಮೇಲೆ ಅನ್ನದಲ್ಲಿಯೂ ತಿಂಗಳುಗಟ್ಟಲೆ ಹುದುಗಿಸಿಟ್ಟು ಫುನಾಝುಶಿ ಮಾಡುತ್ತಾರೆ. ನಮ್ಮ ಮನೆಗಳ ಉಪ್ಪಿನಕಾಯಿ ಜಾಡಿಗೆ ಇರುವ ಗೌರವ ಅಲ್ಲಿ ಅದರ ಪೀಪಾಯಿಗಿದೆ. ಇಂಥ ನೀರಿಗೆ ಬಾಸ್ ಬಂದದ್ದು ಹೊರಗಿನಿಂದ. ಉತ್ತರ ಅಮೆರಿಕದ ಈ ಮೀನನ್ನು 1925ರಲ್ಲಿ ಅಕಾಬೋಷಿ ತೆತ್ಸುಮಾ ಎಂಬ ಉದ್ಯಮಿ ಆಶಿ ಸರೋವರಕ್ಕೆ ತಂದು ಬಿಟ್ಟರು. ಬಿವಾದಲ್ಲಿ ಅದು ಮೊದಲು ಕಂಡದ್ದು 1974ರಲ್ಲಿ. ಒಂದು ಸರೋವರದಿಂದ ಇನ್ನೊಂದಕ್ಕೆ ಮೀನು ನಡೆದು ಬರುವುದಿಲ್ಲ. ಬಾಸ್ ದೇಶದುದ್ದ ಹರಡಿದ್ದರ ಹಿಂದೆ ಗಾಳದ ಆಸೆಯುಳ್ಳ ಕೈಗಳಿದ್ದವು. ಬ್ಲೂಗಿಲ್‌ನ ಕಥೆ ಇನ್ನೂ ವಿಷಾದದ್ದು: 1960ರಲ್ಲಿ ಶಿಕಾಗೊ ನಗರದ ಮೇಯರ್ ಅದನ್ನು ಯುವರಾಜ ಅಕಿಹಿತೊ ಅವರಿಗೆ ಉಡುಗೊರೆಯಾಗಿ ಕೊಟ್ಟರು, ಯುವರಾಜರು ಅದನ್ನು ಮೀನುಗಾರಿಕೆ ಸಂಶೋಧನೆಗೆ ಒಪ್ಪಿಸಿದರು, ಅಲ್ಲಿಂದ ಅದು ನೀರುನೀರಿಗೆ ಹಬ್ಬಿತು. 2007ರಲ್ಲಿ ಅದೇ ಶಿಗಾ ಪ್ರಾಂತದಲ್ಲಿ ನಿಂತು ಚಕ್ರವರ್ತಿ ಅಕಿಹಿತೊ ತಮ್ಮ ನೋವನ್ನು ಬಹಿರಂಗವಾಗಿ ಹೇಳಿಕೊಂಡರು. ಸ್ವತಃ ಮೀನುಶಾಸ್ತ್ರಜ್ಞರಾದ ಅರಸರೊಬ್ಬರು ಒಂದು ಮೀನಿಗಾಗಿ ತಲೆತಗ್ಗಿಸಿದ ಆ ಗಳಿಗೆಗೆ ನಮ್ಮ ಚಪ್ಪಾಳೆ ಸಲ್ಲಬೇಕಿತ್ತು.

2009ರ ಜುಲೈ 2ರಂದು ಇದೇ ಬಿವಾದಲ್ಲಿ ಕುರಿತಾ ಮಾನಾಬು ಎಂಬವರು ಸುಮಾರು 10 ಕಿಲೋ ತೂಕದ ಬಾಸ್ ಎಳೆದರು. ಅದು 1932ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ಜಾರ್ಜ್ ಪೆರಿ ಸ್ಥಾಪಿಸಿದ ವಿಶ್ವದಾಖಲೆಗೆ ಸರಿಸಮವೆಂದು ಎಣಿಕೆಯಾಯಿತು. ಅವರು ಎರೆಗೆ ಕಟ್ಟಿದ್ದು ಜೀವಂತ ಬ್ಲೂಗಿಲ್. ಪರದೇಶದ ಒಂದು ಮೀನಿಗೆ ಪರದೇಶದ ಇನ್ನೊಂದು ಮೀನು ಎರೆ. ಆ ದಾಖಲೆಯಲ್ಲಿ ಬಿವಾದ ಪಾಲೆಂದರೆ ಬರಿಯ ನೀರು. ಸ್ಪರ್ಧೆಯ ಕಣ್ಣಿಗೆ ಸರೋವರ ಹೀಗೆಯೇ ಕಾಣುತ್ತದೆ: ಗೆರೆ ಎಳೆದ ಮೈದಾನವಾಗಿ.

ಹಿಡಿದು ಬಿಡುವ ಪದ್ಧತಿ ಹುಟ್ಟಿದ್ದು ಯಾವ ಋಷ್ಯಾಶ್ರಮದಲ್ಲೂ ಅಲ್ಲ. ಅಲಬಾಮಾದ ವಿಮಾ ಮಾರಾಟಗಾರ ರೇ ಸ್ಕಾಟ್ 1967ರಲ್ಲಿ ಅರ್ಕನ್ಸಾದ ಬೀವರ್ ಸರೋವರದಲ್ಲಿ ತಲೆಗೆ 100 ಡಾಲರ್ ಪ್ರವೇಶಶುಲ್ಕವಿಟ್ಟು ದೊಡ್ಡ ಬಾಸ್ ಸ್ಪರ್ಧೆ ನಡೆಸಿದರು. ಮೊದಮೊದಲು ಸ್ಪರ್ಧೆ ಮುಗಿದಾಗ ಸತ್ತ ಮೀನಿನ ರಾಶಿ ಉಳಿಯುತ್ತಿತ್ತು. ಜನ ಮುಖ ಸಿಂಡರಿಸಿದರು. 1972ರಲ್ಲಿ, ಹಿಡಿದದ್ದನ್ನು ಕೊಲ್ಲಬೇಡಿ ಎಂಬ ಘೋಷಣೆ ಬಂತು. ದೋಣಿಗಳಲ್ಲಿ ಗಾಳಿಯಾಡುವ ನೀರಿನ ತೊಟ್ಟಿಗಳು ಬಂದವು, ಸತ್ತ ಮೀನು ತಂದವನ ತೂಕದಲ್ಲಿ ಕಡಿತ ಬಂತು. ಬಾಸ್ ಅಲ್ಲಿನ ತವರುಮೀನು, ಆದುದರಿಂದ ಅಲ್ಲಿ ಅದು ಒಳ್ಳೆಯ ಕ್ರಮವೇ, ನಾವು ಅಲ್ಲಗಳೆಯುವುದಿಲ್ಲ. ಆದರೂ ಬಾಸ್‌ಗಳಲ್ಲಿ ಗೂಡು ಕಾಯುವುದು ಗಂಡು. ವಸಂತದಲ್ಲಿ ಮೊಟ್ಟೆಗಳ ಮೇಲೆ ಹಗಲಿರುಳು ಕಾವಲಿರುವ ಅದನ್ನು ಎಳೆದು, ದಿನವಿಡೀ ತೊಟ್ಟಿಯಲ್ಲಿಟ್ಟು, ತೂಕದ ಕಟ್ಟೆಯ ಬಳಿ ಗೂಡಿಗೆ ಎಷ್ಟೋ ದೂರದಲ್ಲಿ ಬಿಟ್ಟರೆ ಮೀನು ಬದುಕಬಹುದು. ಮೊಟ್ಟೆಗಳು ಅಷ್ಟರೊಳಗೆ ಬೇರೆ ಮೀನುಗಳ ಹೊಟ್ಟೆ ಸೇರಿರುತ್ತವೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಮಾತು ಬೆಕ್ಕು ಇಲಿಯನ್ನು ಕೊನೆಗೆ ಬಿಟ್ಟುಕೊಟ್ಟರೂ ಸುಳ್ಳಾಗುವುದಿಲ್ಲ.

ಬಿವಾದ ಗಾಳಗಾರರು ಕಟ್ಟಳೆಯ ವಿರುದ್ಧ ನ್ಯಾಯಾಲಯಕ್ಕೂ ಹೋದರು, ಸೋತರು. ಅವರ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಬಾಸ್ ತಾನಾಗಿ ಬಂದ ಅಪರಾಧಿಯಲ್ಲ. ದಡವನ್ನು ಕಾಂಕ್ರೀಟಿನಿಂದ ಕಟ್ಟಿ ಜೊಂಡಿನ ಹಾಸನ್ನು ಕಿತ್ತದ್ದು ಮನುಷ್ಯನೇ, ನಾಡಮೀನುಗಳ ಮೊಟ್ಟೆಯಿಡುವ ಜಾಗ ಹೋದದ್ದು ಅದರಿಂದಲೂ ಹೌದು. ಪೆಟ್ಟಿಗೆಯಲ್ಲಿ ಉಸಿರುಗಟ್ಟುವ ಮೀನನ್ನು ನೋಡಲು ನಮಗೂ ಆಗದು. ಆದರೆ ನಮ್ಮ ಕಣ್ಣಿಗೆ ಬೀಳುವ ಆ ಒಂದು ಸಾವಿಗೆ ಕರಗುವ ಹೃದಯ, ಬಾಸ್‌ನ ಬಾಯೊಳಗೆ ಕಾಣದೆ ಹೋಗುವ ಸಾವಿರ ಮರಿಗಳಿಗೆ ಏಕೆ ಕರಗುವುದಿಲ್ಲ? ಕಾಣುವ ಹಿಂಸೆಯನ್ನಷ್ಟೇ ಹಿಂಸೆಯೆನ್ನುವುದು ಅಹಿಂಸೆಯಲ್ಲ. ಅದು ಸೂಕ್ಷ್ಮ ಹೊಟ್ಟೆಯವರ ಸಂಕೋಚ ಮಾತ್ರ.

ಇದೆಲ್ಲ ಜಪಾನಿನ ಮಾತೆಂದು ಕೈತೊಳೆದುಕೊಳ್ಳುವಂತೆಯೂ ಇಲ್ಲ. ನಾವು ಬದುಕುವ ಪುಣೆಯ ಮುಳಾ-ಮುಠಾ ನದಿಯಿಂದ 1839ರಲ್ಲಿ ಸೈಕ್ಸ್ ಎಂಬ ಸೇನಾಧಿಕಾರಿ ನೀಲಿ ರೆಕ್ಕೆಯ ಮಶೀರ್ ಮೀನನ್ನು ವರ್ಣಿಸಿದ. ಆ ಮೀನು ಕಡಿಮೆಯಾಗುತ್ತಿದೆಯೆಂಬ ಕಳಕಳಿಯಿಂದಲೇ ಲೋಣಾವಳದ ಟಾಟಾ ವಿದ್ಯುತ್ ಸಂಸ್ಥೆಯ ಕೇಂದ್ರದಲ್ಲಿ ಅದರ ಮರಿಮಾಡಿ ದೇಶದ ಹಲವು ನೀರುಗಳಿಗೆ ಕಳಿಸಿದರು, ಕಾವೇರಿಗೂ ಬಿಟ್ಟರು. ಕಾವೇರಿಗೆ ತನ್ನದೇ ಮಶೀರ್ ಇತ್ತು, ಬೆನ್ನು ಗೂನಿದ, ಕಿತ್ತಳೆ ರೆಕ್ಕೆಯ ದೈತ್ಯ. 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನದನ್ನು ಮೈಸೂರಿನ ವ್ಯಾನ್ ಇಂಗೆನ್ ಹಿಡಿದಿದ್ದರು. ಅದರ ಶಾಸ್ತ್ರೀಯ ಹೆಸರು ಖಚಿತವಾದದ್ದೇ 2018ರಲ್ಲಿ, ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಅದು ಮಾಯವಾಗುತ್ತಿದೆಯೆಂದು ತಿಳಿದದ್ದು ಹೇಗೆ? 1998ರಿಂದ 2012ರವರೆಗೆ ಕಾವೇರಿಯ ತೀರದಲ್ಲಿ ಹಿಡಿದು ಬಿಟ್ಟ ಗಾಳಗಾರರ ಲೆಕ್ಕದ ಪುಸ್ತಕಗಳಿಂದ. ವರ್ಷವರ್ಷಕ್ಕೆ ನೀಲಿ ಏರಿತು, ಗೂನುಬೆನ್ನು ಇಳಿಯಿತು. ಈ ಉಪಕಾರಕ್ಕಾಗಿ ಅವರಿಗೆ ನಾವು ಋಣಿಗಳು. ನಮ್ಮ ವಾದಕ್ಕೆ ಇದು ತೊಡಕೆಂದು ಮುಚ್ಚಿಡುವುದಿಲ್ಲ. ಆದರೆ ಆ ಪುಸ್ತಕಗಳೇ ಹೇಳುವುದೇನೆಂದರೆ, ಒಳ್ಳೆಯ ಮನಸ್ಸಿನಿಂದ ಬಿಟ್ಟ ಮೀನು ಕೂಡ ಇನ್ನೊಂದರ ಮನೆಯಲ್ಲಿ ಕೂತುಕೊಳ್ಳಬಲ್ಲದು. ನಮ್ಮ ಊರಿನ ಮೀನು ನಮ್ಮ ತವರಿನ ಮೀನಿನ ಜಾಗ ಹಿಡಿಯಿತು. ಪುಣೆಯಲ್ಲಿರುವ ಕನ್ನಡಿಗರು ಇದನ್ನು ಯಾರ ಮೇಲೆ ಹೊರಿಸಬೇಕು?

ಲೇಖನ ಓದಿದ ಗೆಳೆಯರು ಕೊನೆಯಲ್ಲಿ ಒಂದು ಸಲಹೆಯನ್ನೂ ಇಟ್ಟಿದ್ದರು: ಪವನಾ ಜಲಾಶಯದಲ್ಲಿ ನಮ್ಮ ಬಳಗವೇ ಇಂಥದೊಂದು ಸ್ಪರ್ಧೆ ಏರ್ಪಡಿಸಬಾರದೇಕೆ, ಮೀನು ಸಾಲದಿದ್ದರೆ ಮರಿ ತಂದು ಬಿಟ್ಟರಾಯಿತು ಎಂದು. ಆ ನೀರಿನಲ್ಲಿ ನಸುಕಿಗೇ ಬಲೆ ಎಳೆದು, ಸಿಕ್ಕಿದ್ದನ್ನು ಸಂತೆಗೆ ಒಯ್ಯುವ ಕಾತಕರಿ ಕುಟುಂಬಗಳಿವೆ. ಅವರು ಮೀನನ್ನು ಕೊಲ್ಲುತ್ತಾರೆ, ಮಾರುತ್ತಾರೆ, ತಿನ್ನುತ್ತಾರೆ. ಯಾವ ನೀರಿಗೂ ಹೊಸ ಮೀನು ತಂದು ಸುರಿದವರಲ್ಲ. ಅವರನ್ನು ಕೇಳದೆ, ಮರಿ ಯಾವ ನದಿಯದೆಂದು ತಿಳಿಯದೆ, ಬ್ಯಾನರು ಕಟ್ಟಿ ಬಹುಮಾನ ಹಂಚುವ ಕಾರ್ಯಕ್ರಮಕ್ಕೆ ನಮ್ಮ ಒಪ್ಪಿಗೆಯಿಲ್ಲ. ಮುಂದಿನ ಸಭೆಯಲ್ಲಿ ಈ ಸಲಹೆ ಮತಕ್ಕೆ ಬಂದರೆ ವಿರುದ್ಧ ಕೈ ಎತ್ತುವವರ ಸಾಲಿನಲ್ಲಿ ನಾವಿರುತ್ತೇವೆ.