ಅರಸನ ಮತವೂ ರಾಜ್ಯದ ಅಳಿವೂ

ಊರ ವಾಚನಾಲಯದ ಜಗುಲಿಯ ಮೇಲೆ ಸಂಜೆಯ ಹೊತ್ತಿಗೆ ನಾಲ್ಕು ಜನ ಕೂಡಿದರೆಂದರೆ ಲೋಕದ ಇತಿಹಾಸವೆಲ್ಲ ಅಲ್ಲಿಯೇ ತೀರ್ಮಾನವಾಗಿಬಿಡುತ್ತದೆ. ಮಳೆಬೆಳೆಗಳ ಮಾತು ಮುಗಿಯುವುದರೊಳಗಾಗಿ ಒಬ್ಬರು ಅಶೋಕನನ್ನು ಎಳೆದು ತರುತ್ತಾರೆ. ಮತ್ತೊಬ್ಬರು ರೋಮ ಚಕ್ರಾಧಿಪತ್ಯವನ್ನು ನಿಲ್ಲಿಸಿ ವಿಚಾರಣೆಗೆ ತೊಡಗುತ್ತಾರೆ. ಸಾಕ್ಷಿಗಳಿಲ್ಲ, ಪುರಾವೆಗಳಿಲ್ಲ, ಆದರೂ ಕತ್ತಲಾಗುವುದರೊಳಗೆ ತೀರ್ಪು ಮಾತ್ರ ಸಿದ್ಧವಾಗಿರುತ್ತದೆ. "ಅಶೋಕನು ಬೌದ್ಧನಾಗಿ ಕತ್ತಿಯನ್ನು ಕೆಳಗಿಟ್ಟನು, ಅದರಿಂದಲೇ ಭರತಖಂಡವು ಷಂಡವಾಯಿತು" ಎಂದು ಹಿರಿಯರೊಬ್ಬರು ಹೇಳುತ್ತಾರೆ. "ಹೌದು ರಾಯರೇ, ರೋಮದ ಗತಿಯೂ ಅದೇ ಆಯಿತಲ್ಲವೇ? ಕಾನ್‌ಸ್ಟಂಟೈನನು ಕ್ರೈಸ್ತನಾದನು, ರೋಮವು ಮುಳುಗಿತು" ಎಂದು ಕಿರಿಯರೊಬ್ಬರು ತಲೆದೂಗುತ್ತಾರೆ. ಸಭೆ ಚೆದರುತ್ತದೆ.

ಇಂಥ ಮಾತುಗಳು ಹೊತ್ತು ಕಳೆಯುವ ಹರಟೆಯಷ್ಟೇ ಆಗಿದ್ದರೆ ಅವುಗಳ ಗೊಡವೆ ನಮಗೆ ಬೇಕಾಗಿರಲಿಲ್ಲ. ಆದರೆ ಇವು ಅಲ್ಲಿಗೇ ನಿಲ್ಲುವುದಿಲ್ಲ. 'ಇಂಥ ಮತದಿಂದ ಇಂಥ ರಾಜ್ಯ ಹಾಳಾಯಿತು' ಎಂದು ಒಪ್ಪಿಕೊಂಡ ಬುದ್ಧಿಯು, ಮರುದಿನ ಅದೇ ಅಳತೆಗೋಲನ್ನು ಹಿಡಿದುಕೊಂಡು ನೆರೆಮನೆಯವನ ಬಾಗಿಲಿಗೆ ಹೋಗುತ್ತದೆ. ಅವನ ಹಣೆಯ ಮೇಲಣ ಗುರುತೇನು, ಅವನು ಯಾವ ದಿಕ್ಕಿಗೆ ತಿರುಗಿ ಪ್ರಾರ್ಥಿಸುತ್ತಾನೆ ಎಂಬುದರ ಮೇಲಿಂದ ಅವನು ನಾಡಿಗೆ ಹಿತನೋ ಅಹಿತನೋ ಎಂದು ತೂಗತೊಡಗುತ್ತದೆ. ಇತಿಹಾಸದ ತಪ್ಪು ಓದು ಇಂದಿನ ಹಗೆಗೆ ಬೀಜವಾಗುವ ಬಗೆ ಇದು. ಆದುದರಿಂದ ಈ ಎರಡು ಮಾತುಗಳಲ್ಲಿ ಹುರುಳೆಷ್ಟಿದೆಯೆಂಬುದನ್ನು ಶಾಂತಚಿತ್ತದಿಂದ ನೋಡುವುದು ಅವಶ್ಯ.

ಮೊದಲು ರೋಮದ ಮಾತು. ಕಾನ್‌ಸ್ಟಂಟೈನನು ಕ್ರಿ. ಶ. 312ರಲ್ಲಿ ರೋಮದ ಹತ್ತಿರ ಟೈಬರ್ ನದಿಯ ಸೇತುವೆಯ ಬಳಿ ತನ್ನ ಪ್ರತಿಸ್ಪರ್ಧಿಯನ್ನು ಗೆದ್ದನು. ಆ ಗೆಲವನ್ನು ಕ್ರೈಸ್ತರ ದೇವರ ಕೃಪೆಯೆಂದು ಭಾವಿಸಿದನು. ಅಲ್ಲಿಂದ ಮುಂದೆ ಆ ಮತಕ್ಕೆ ರಾಜಾಶ್ರಯ ದೊರೆಯಿತು. ಇಷ್ಟು ನಿಜ. ಆದರೆ ಅವನಿಗಿಂತ ಮೊದಲು ರೋಮವು ಸುಖವಾಗಿತ್ತೆ? ಕ್ರಿ. ಶ. 235ರಿಂದ 284ರ ವರೆಗಿನ ಐವತ್ತು ವರ್ಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಚಕ್ರವರ್ತಿಗಳು ಸಿಂಹಾಸನವನ್ನೇರಿದರು; ಅವರಲ್ಲಿ ಹೆಚ್ಚಿನವರು ಸ್ವಂತ ಸೈನಿಕರ ಕೈಯಿಂದಲೋ ಯುದ್ಧದಲ್ಲಿಯೋ ಮಡಿದರು. ಕ್ರಿ. ಶ. 260ರಲ್ಲಿ ವಲೇರಿಯನ್ ಚಕ್ರವರ್ತಿಯು ಪಾರಸಿಕರ ದೊರೆ ಶಾಪೂರನಿಗೆ ಸೆರೆಸಿಕ್ಕನು. ನಾಣ್ಯದಲ್ಲಿ ಬೆಳ್ಳಿಯು ಹೆಸರಿಗಷ್ಟೇ ಉಳಿಯಿತು. ಆಗ ರೋಮದ ಗುಡಿಗಳಲ್ಲಿ ಹಳೆಯ ದೇವತೆಗಳಿಗೆ ಬಲಿಪೂಜೆಗಳು ತಪ್ಪದೆ ನಡೆಯುತ್ತಿದ್ದವು. ಕ್ರೈಸ್ತರಾದರೋ ಕೆಲವೇ ಜನರು, ಅದರಲ್ಲಿಯೂ ಹಿಂಸೆಗೆ ಗುರಿಯಾದವರು. ಆ ಐವತ್ತು ವರ್ಷಗಳ ಅನರ್ಥವನ್ನು ಯಾವ ಮತದ ತಲೆಗೆ ಕಟ್ಟೋಣ?

ಇನ್ನು ಕಾನ್‌ಸ್ಟಂಟೈನನ ಅನಂತರದ ಮಾತು. ಪಶ್ಚಿಮದ ರೋಮ ರಾಜ್ಯವು ಕ್ರಿ. ಶ. 476ರಲ್ಲಿ ಕೊನೆಗೊಂಡಿತೆಂದು ಹೇಳುವುದು ವಾಡಿಕೆ. ಆದರೆ ಅದೇ ಚಕ್ರಾಧಿಪತ್ಯದ ಪೂರ್ವಭಾಗವು, ಕಾನ್‌ಸ್ಟಂಟೈನನು 330ರಲ್ಲಿ ಪ್ರತಿಷ್ಠಿಸಿದ ಹೊಸ ರಾಜಧಾನಿಯಿಂದ ಆಳಲ್ಪಡುತ್ತ, 1453ರ ವರೆಗೆ ಬಾಳಿತು. ಮತ ಒಂದೇ, ನ್ಯಾಯಶಾಸ್ತ್ರ ಒಂದೇ, ಚಕ್ರವರ್ತಿಯೆಂಬ ಹೆಸರೂ ಒಂದೇ. ಪಶ್ಚಿಮವು ಬಿದ್ದ ಬಳಿಕ ಪೂರ್ವವು ಸಾವಿರ ವರ್ಷಗಳಿಗೆ ಇಪ್ಪತ್ತುಮೂರು ಕಡಿಮೆ ಕಾಲ ನಿಂತಿತು. ಒಂದೇ ಔಷಧವನ್ನು ಕುಡಿದ ಇಬ್ಬರಲ್ಲಿ ಒಬ್ಬನು ಸತ್ತು ಇನ್ನೊಬ್ಬನು ದೀರ್ಘಾಯುವಾದರೆ, ಸತ್ತವನಿಗೆ ಔಷಧವೇ ವಿಷವಾಯಿತೆಂದು ಯಾವ ವೈದ್ಯನು ಹೇಳಿಯಾನು? ಪೂರ್ವಕ್ಕೆ ಮಿಸರ, ಸಿರಿಯಾ ಮೊದಲಾದ ಸಂಪನ್ನ ಸೀಮೆಗಳ ಹುಟ್ಟುವಳಿಯಿತ್ತು. ರಾಜಧಾನಿಗೆ ಸಮುದ್ರವೂ ಭದ್ರವಾದ ಕೋಟೆಯೂ ಕಾವಲಾಗಿದ್ದವು. ಪಶ್ಚಿಮವಾದರೋ 439ರಲ್ಲಿ ಕಾರ್ಥೇಜ್ ಪಟ್ಟಣವನ್ನು ವಂಡಲರಿಗೆ ಕಳೆದುಕೊಂಡು, ಆಫ್ರಿಕಾದ ಕಂದಾಯ ಧಾನ್ಯಗಳೆರಡಕ್ಕೂ ಎರವಾಯಿತು. ಸಂಬಳವಿಲ್ಲದ ಸೈನ್ಯ, ಒಳಜಗಳದ ಸರದಾರರು, ಬರಿದಾದ ಬೊಕ್ಕಸ: ರಾಜ್ಯಗಳನ್ನು ಕೊಲ್ಲುವ ರೋಗಗಳು ಬಹುಮಟ್ಟಿಗೆ ಇವೇ.

410ರಲ್ಲಿ ರೋಮ ಪಟ್ಟಣವನ್ನು ಸುಲಿದ ಅಲಾರಿಕನು ತಾನೂ ಕ್ರೈಸ್ತನೇ ಆಗಿದ್ದನು, ಬೇರೆ ಪಂಗಡದವನು. ಹಳೆಯ ದೇವರುಗಳನ್ನು ಬಿಟ್ಟುದರಿಂದಲೇ ಈ ಗತಿ ಬಂತೆಂದು ಅಂದಿನ ಜನರೂ ಆಡಿಕೊಂಡರು. ಆ ಆಕ್ಷೇಪಕ್ಕೆ ಉತ್ತರವಾಗಿ ಸಂತ ಅಗಸ್ಟಿನನು ದೊಡ್ಡದೊಂದು ಗ್ರಂಥವನ್ನೇ ಬರೆಯಬೇಕಾಯಿತು. ಹದಿನೆಂಟನೆಯ ಶತಮಾನದಲ್ಲಿ ಗಿಬ್ಬನ್ ಎಂಬ ಇತಿಹಾಸಕಾರನು ರೋಮದ ಅವನತಿಯ ಕಾರಣಗಳಲ್ಲಿ ಕ್ರೈಸ್ತ ಮತವನ್ನೂ ಎಣಿಸಿದನು. ಆದರೆ ಅದೊಂದನ್ನೇ ಎಣಿಸಲಿಲ್ಲ. ಅವನ ಆರು ಸಂಪುಟಗಳು ನಮ್ಮ ಜಗುಲಿಗೆ ಬರುವ ಹೊತ್ತಿಗೆ ಒಂದೇ ವಾಕ್ಯಕ್ಕೆ ಇಳಿದಿವೆ, ಅಷ್ಟೆ.

ಈಗ ಅಶೋಕನ ಮಾತು. ಪಟ್ಟಾಭಿಷೇಕವಾದ ಎಂಟು ವರ್ಷಗಳ ಮೇಲೆ ಅವನು ಕಳಿಂಗವನ್ನು ಗೆದ್ದನು. ಒಂದೂವರೆ ಲಕ್ಷ ಜನರು ಸೆರೆಯಾಗಿ ಸಾಗಿಸಲ್ಪಟ್ಟರು, ಒಂದು ಲಕ್ಷ ಜನರು ಹತರಾದರು, ಅದರ ಹಲವು ಮಡಿ ಜನರು ಬೇರೆ ಬಗೆಯಲ್ಲಿ ಸತ್ತರು ಎಂದು ತನ್ನ ಹದಿಮೂರನೆಯ ಶಿಲಾಶಾಸನದಲ್ಲಿ ಅವನೇ ಬರೆಯಿಸಿ ಪಶ್ಚಾತ್ತಾಪಪಟ್ಟನು. ಗೆದ್ದ ದೊರೆಯು ತನ್ನ ಗೆಲವನ್ನೇ ಪಾಪವೆಂದು ಕಲ್ಲಿನಲ್ಲಿ ಕೆತ್ತಿಸಿದ ಉದಾಹರಣೆಗಳು ಜಗತ್ತಿನಲ್ಲಿ ಅತಿ ವಿರಳ. ಆದರೆ ಅವನು ಕತ್ತಿಯನ್ನು ಒರೆಗೆ ಸೇರಿಸಿ ಬೀಗ ಹಾಕಿದನೆಂಬುದಕ್ಕೆ ಆಧಾರವೆಲ್ಲಿ? ಸೈನ್ಯವನ್ನು ವಿಸರ್ಜಿಸಿದೆನೆಂದು ಯಾವ ಶಾಸನವೂ ಹೇಳುವುದಿಲ್ಲ. ಅದೇ ಹದಿಮೂರನೆಯ ಶಾಸನದಲ್ಲಿ ಅಡವಿಯ ಜನರಿಗೆ, ತಾನು ಪಶ್ಚಾತ್ತಾಪಪಟ್ಟರೂ ದಂಡಿಸುವ ಶಕ್ತಿ ತನಗಿದೆಯೆಂದು ಎಚ್ಚರಿಕೆ ಕೊಟ್ಟಿದ್ದಾನೆ. ಪಟ್ಟವಾದ ಇಪ್ಪತ್ತಾರು ವರ್ಷಗಳ ಮೇಲೆ ಬರೆಯಿಸಿದ ಸ್ತಂಭಶಾಸನದಲ್ಲಿ, ಮರಣದಂಡನೆಗೆ ಗುರಿಯಾದವರಿಗೆ ಮೂರು ದಿನಗಳ ಅವಧಿಯನ್ನು ಕೊಡಬೇಕೆಂದು ವಿಧಿಸಿದ್ದಾನೆ. ಅಂದರೆ ಮರಣದಂಡನೆ ಆಗಲೂ ಇತ್ತು. ಅವನ ಕಾಲವು ಸುಮಾರು ಕ್ರಿ. ಪೂ. 232ಕ್ಕೆ ಮುಗಿಯಿತು, ಕಡೆಯ ಮೌರ್ಯ ದೊರೆ ಬೃಹದ್ರಥನನ್ನು ಅವನ ಸೇನಾಪತಿ ಪುಷ್ಯಮಿತ್ರನು ಕೊಂದದ್ದು ಸುಮಾರು ಕ್ರಿ. ಪೂ. 185ರಲ್ಲಿ. ನಡುವೆ ಸುಮಾರು ಅರ್ಧ ಶತಮಾನ! ಅಷ್ಟರಲ್ಲಿ ಎಷ್ಟು ಜನ ದೊರೆಗಳು ಬಂದು ಹೋದರು! ಕಾಗೆ ಕೂಡುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತೆಂಬ ಗಾದೆಯಲ್ಲಿ ಕಾಗೆಯಾದರೂ ಕೊಂಬೆಯ ಮೇಲೆ ಕುಳಿತಿರುತ್ತದೆ. ಇಲ್ಲಿ ಕಾಗೆಯು ಹಾರಿಹೋಗಿ ಐವತ್ತು ವರ್ಷಗಳಾಗಿದ್ದವು.

ವಿದ್ವಾಂಸರೂ ಈ ವಿಷಯದಲ್ಲಿ ಬಹಳ ವಾದಿಸಿದ್ದಾರೆ. ಹರಪ್ರಸಾದ ಶಾಸ್ತ್ರಿಗಳು 1910ರಲ್ಲಿ, ಬ್ರಾಹ್ಮಣರ ಅಸಮಾಧಾನವೇ ಮೌರ್ಯರ ಪತನಕ್ಕೆ ಕಾರಣವೆಂದರು. ಹೇಮಚಂದ್ರ ರಾಯಚೌಧುರಿಯವರು ಅದನ್ನು ಖಂಡಿಸಿ, ಅಹಿಂಸಾನೀತಿಯಿಂದ ಸೈನ್ಯಬಲ ಕುಗ್ಗಿತೆಂದು ಹೇಳಿದರು. ರೊಮಿಲಾ ಥಾಪರ್ ಅವರು 1961ರಲ್ಲಿ ಈ ಎರಡನ್ನೂ ಒಪ್ಪದೆ, ಅಷ್ಟು ವಿಶಾಲವಾದ ರಾಜ್ಯವನ್ನು ಒಬ್ಬನೇ ದೊರೆಯ ಸುತ್ತ ಹೆಣೆದ ಆಡಳಿತವು ಹಿಡಿದು ನಿಲ್ಲಿಸಲಾರದೆ ಹೋಯಿತೆಂದು ತೋರಿಸಿದರು. ವಾದವಿರಲಿ, ಆದರೆ ಅವರೆಲ್ಲರೂ ಶಾಸನಗಳನ್ನು ಓದಿ ವಾದಿಸಿದರು. ನಾವಾದರೋ ವಾದಿಸಿದ ಮೇಲೆ ಓದುವುದೂ ಇಲ್ಲ.

ಹಾಗಾದರೆ ಅರಸನ ಮತವು ಇತಿಹಾಸದಲ್ಲಿ ಲೆಕ್ಕಕ್ಕೇ ಇಲ್ಲವೆ ಎಂದು ಯಾರಾದರೂ ಕೇಳಬಹುದು. ಇದೆ, ಆದರೆ ಅದನ್ನು ಕೇಳುವ ರೀತಿ ಬೇರೆ. ಅರಸನು ಯಾವ ದೇವರನ್ನು ಪೂಜಿಸಿದನೆಂದು ಕೇಳಬೇಡಿರಿ. ಆ ದೇವರನ್ನು ಪೂಜಿಸದವನ ಗತಿ ಅವನ ರಾಜ್ಯದಲ್ಲಿ ಏನಾಯಿತೆಂದು ಕೇಳಿರಿ. ಕಾನ್‌ಸ್ಟಂಟೈನನೂ ಅವನ ಜೊತೆಯ ಚಕ್ರವರ್ತಿ ಲಿಸಿನಿಯಸನೂ 313ರಲ್ಲಿ ಮಿಲಾನಿನಲ್ಲಿ ಒಪ್ಪಿಕೊಂಡದ್ದು, ಕ್ರೈಸ್ತರಾದಿಯಾಗಿ ಯಾವ ಪ್ರಜೆಯಾದರೂ ತನಗೆ ಬೇಕಾದ ಮತವನ್ನು ಅನುಸರಿಸಬಹುದೆಂದು. ಥಿಯೋಡೋಸಿಯಸ್ ಚಕ್ರವರ್ತಿಯು 380ರಲ್ಲಿ ಆಜ್ಞಾಪಿಸಿದ್ದು, ಎಲ್ಲರೂ ಒಂದೇ ಪಂಗಡದ ಕ್ರೈಸ್ತ ಶ್ರದ್ಧೆಯನ್ನು ಅನುಸರಿಸಬೇಕೆಂದು. ಎರಡೂ ಕ್ರೈಸ್ತ ಮತಕ್ಕೆ ಅನುಕೂಲವಾದ ಆಜ್ಞೆಗಳೇ. ಆದರೆ ಒಂದು ಬಾಗಿಲನ್ನು ತೆರೆಯಿತು, ಇನ್ನೊಂದು ಮುಚ್ಚಿತು. ಇತ್ತ ಅಶೋಕನು ಬೌದ್ಧನಾದರೂ ಗಯೆಯ ಹತ್ತಿರದ ಬರಾಬರ್ ಬೆಟ್ಟದ ಗುಹೆಗಳನ್ನು ಆಜೀವಿಕರಿಗೆ ದಾನಮಾಡಿದನು. ಒಂದೇ ಮತದಲ್ಲಿ ಉದಾರಿಗಳೂ ಹುಟ್ಟಿದ್ದಾರೆ, ಸಂಕುಚಿತರೂ ಹುಟ್ಟಿದ್ದಾರೆ. ಆದುದರಿಂದ ಇತಿಹಾಸದಲ್ಲಿ ತೂಗಬೇಕಾದದ್ದು ಅರಸನ ನಡತೆಯನ್ನೇ ಹೊರತು ಅವನ ಮತದ ಹೆಸರನ್ನಲ್ಲ.

ಅಶೋಕನ ಮನಸ್ಸನ್ನು ಅರಿಯುವುದಕ್ಕೆ ಕನ್ನಡಿಗರು ಪಾಟಲಿಪುತ್ರದ ವರೆಗೆ ಹೋಗಬೇಕಾದುದಿಲ್ಲ. 1837ರಲ್ಲಿ ಪ್ರಿನ್ಸೆಪ್ ಸಾಹೇಬರು ಬ್ರಾಹ್ಮೀ ಲಿಪಿಯನ್ನು ಓದಿದಾಗ ದೊರೆತ ಹೆಸರು 'ದೇವಾನಾಂಪ್ರಿಯ ಪ್ರಿಯದರ್ಶಿ' ಎಂದು. ಇವನೇ ಅಶೋಕನೆಂದು ಸಿಂಹಳದ ಪುರಾತನ ಗ್ರಂಥಗಳ ಆಧಾರದಿಂದ ಊಹಿಸಿದ್ದರು. ಆ ಊಹೆಗೆ ಶಾಸನದ ಪ್ರಮಾಣವು ದೊರೆತದ್ದು 1915ರಲ್ಲಿ, ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯ ಮೇಲೆ. ಅಲ್ಲಿ ಅಶೋಕನೆಂಬ ಹೆಸರೇ ಇದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಶಾಸನಗಳನ್ನು ರೈಸ್ ಸಾಹೇಬರು 1892ರಲ್ಲಿಯೇ ಕಂಡುಹಿಡಿದಿದ್ದರು. ಕೊಪ್ಪಳದ ಗವಿಮಠ ಪಾಲ್ಕಿಗುಂಡುಗಳಲ್ಲಿಯೂ, ಬಳ್ಳಾರಿ ಸೀಮೆಯ ನಿಟ್ಟೂರು ಉಡೆಗೊಳಗಳಲ್ಲಿಯೂ ಅವನ ಶಾಸನಗಳಿವೆ. ಚಿಕ್ಕವನೂ ಈ ಧರ್ಮವನ್ನು ಸಾಧಿಸಬಲ್ಲನು, ಇದು ದೊಡ್ಡವರ ಸೊತ್ತಲ್ಲ ಎಂಬ ಅರ್ಥದ ಮಾತು ಮಸ್ಕಿಯ ಬಂಡೆಯ ಮೇಲಿದೆ.

ಇವುಗಳೆಲ್ಲಕ್ಕಿಂತ ನಮ್ಮ ಪ್ರಕೃತ ವಿಷಯಕ್ಕೆ ಹತ್ತಿರವಾದದ್ದು ಭೀಮಾತೀರದ ಸನ್ನತಿಯ ಕಲ್ಲು. ಕಲಬುರಗಿ ಜಿಲ್ಲೆಯ ಆ ಊರಿನ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಕಾಳೀವಿಗ್ರಹದ ಪೀಠಕ್ಕೆ ಬಳಸಿದ್ದ ಚಪ್ಪಡಿಯೊಂದರಲ್ಲಿ ಅಶೋಕನ ಲಿಪಿಯಿದ್ದುದು 1980ರ ದಶಕದ ಉತ್ತರಾರ್ಧದಲ್ಲಿ ಬೆಳಕಿಗೆ ಬಂತು. ಅದರಲ್ಲಿರುವ ಶಾಸನಗಳಲ್ಲಿ ಹನ್ನೆರಡನೆಯದೂ ಒಂದು. ಆ ಹನ್ನೆರಡನೆಯ ಶಾಸನದ ವಿಷಯವಾದರೂ ಏನು? ಮತಗಳ ಕುರಿತು ಆಡುವ ಮಾತಿನ ಸಂಯಮವೇ! ತನ್ನ ಮತದ ಮೇಲಣ ಅಭಿಮಾನದಿಂದ ಅದನ್ನು ಹೊಗಳಿ ಪರರ ಮತವನ್ನು ಹಳಿಯುವವನು ತನ್ನ ಮತಕ್ಕೇ ಕೆಡಕನ್ನು ಮಾಡುತ್ತಾನೆ. ಒಬ್ಬರ ಧರ್ಮವನ್ನು ಮತ್ತೊಬ್ಬರು ಕೇಳಿ ತಿಳಿಯಬೇಕು. ನಾಲಗೆಯನ್ನು ಹಿಡಿತದಲ್ಲಿಟ್ಟುಕೊಳ್ಳುವುದೇ ಎಲ್ಲ ಮತಗಳ ಸಾರವು ಬೆಳೆಯುವುದಕ್ಕೆ ಮೂಲ: ಇದು ಅದರ ತಾತ್ಪರ್ಯ. ಬೌದ್ಧ ದೊರೆಯ ಈ ಉಪದೇಶದ ಕಲ್ಲಿನ ಮೇಲೆ ಕಾಳೀದೇವಿಯು ನಿಂತು ಎಷ್ಟೋ ಕಾಲ ಪೂಜೆಗೊಂಡಳು. ಓದಲಾರದೆ ಹೋದರೂ ನಮ್ಮ ಹಿರಿಯರು ಆ ಕಲ್ಲನ್ನು ಹೊರಗೆ ಎಸೆಯಲಿಲ್ಲ. ಓದಬಲ್ಲ ನಾವು ಅದರ ಮಾತನ್ನು ಎಸೆಯೋಣವೆ?

ಆ ಮಾತು ನಮ್ಮ ನಾಡಿನಲ್ಲಿ ಅಶೋಕನೊಂದಿಗೆ ಕೊನೆಗಾಣಲೂ ಇಲ್ಲ. ಅವನ ತರುವಾಯ ಸಾವಿರದ ಆರುನೂರು ವರ್ಷಗಳ ಮೇಲೆ, 1368ರಲ್ಲಿ, ಜೈನರಿಗೂ ವೈಷ್ಣವರಿಗೂ ವ್ಯಾಜ್ಯ ಬಂದಾಗ ವಿಜಯನಗರದ ಬುಕ್ಕರಾಯನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಇಬ್ಬರಿಗೂ ಭೇದವಿಲ್ಲವೆಂದು ತೀರ್ಪುಕೊಟ್ಟನೆಂದು ಶ್ರವಣಬೆಳಗೊಳದ ಶಾಸನವು ಸಾರುತ್ತಿದೆ. ಬುಕ್ಕರಾಯನು ಜೈನನಾಗಿರಲಿಲ್ಲ, ಜೈನರಿಗೂ ತಾನೇ ದೊರೆಯೆಂಬುದನ್ನು ಮರೆತಿರಲೂ ಇಲ್ಲ.

ಈ ಮಾತನ್ನು ನಮ್ಮ ಪತ್ರಿಕೆಯಲ್ಲಿ ಬರೆಯುವುದಕ್ಕೆ ಇನ್ನೊಂದು ಕಾರಣವುಂಟು. ಮೇಲೆ ಹೇಳಿದ ಬಂಡೆಗಳನ್ನು ಒಮ್ಮೆ ನಕ್ಷೆಯ ಮೇಲೆ ಗುರುತಿಸಿ ನೋಡಿರಿ. ಬ್ರಹ್ಮಗಿರಿಯು ಮೈಸೂರು ಸಂಸ್ಥಾನದಲ್ಲಿತ್ತು. ಮಸ್ಕಿ, ಕೊಪ್ಪಳ, ಸನ್ನತಿಗಳು ನಿಜಾಮರ ಸೀಮೆಯಲ್ಲಿದ್ದವು. ಬಳ್ಳಾರಿಯ ಕಡೆಯವು 1953ರ ವರೆಗೆ ಮದರಾಸಿಗೆ ಸೇರಿದ್ದವು. ಒಬ್ಬನೇ ದೊರೆಯು ಒಂದೇ ನಾಡಿಗೆ ಹೇಳಿಸಿದ ಮಾತು ಮೂರು ಸರಕಾರಗಳ ಗಡಿಗಳಲ್ಲಿ ತುಂಡಾಗಿ ಬಿದ್ದಿತ್ತು. 1956ನೆಯ ನವೆಂಬರ 1ರಂದು ಆ ಗಡಿಗಳು ಅಳಿದು ಬಂಡೆಗಳೆಲ್ಲ ಒಂದೇ ರಾಜ್ಯದೊಳಗಾದವು. ನಕ್ಷೆಯ ಗೆರೆಗಳನ್ನು ಅಳಿಸುವುದಕ್ಕೆ ಹಿರಿಯರು ಅರ್ಧ ಶತಮಾನ ದುಡಿದರು. ಆದರೆ ಜಗುಲಿಯ ಹರಟೆಯಲ್ಲಿ ದಿನಕ್ಕೊಂದರಂತೆ ಎಳೆಯುತ್ತಿರುವ ಮನಸ್ಸಿನ ಗೆರೆಗಳನ್ನು ಯಾವ ಆಯೋಗವು ಅಳಿಸಬಲ್ಲದು? ಅವನ್ನು ಎಳೆದವರೇ ಅಳಿಸಬೇಕು. ಲಿಂಗಾಯತನೂ ಜೈನನೂ ಬ್ರಾಹ್ಮಣನೂ ಮುಸಲ್ಮಾನನೂ ಕ್ರೈಸ್ತನೂ ದಲಿತನೂ ಕೂಡಿಯೇ ಕರ್ನಾಟಕ. ಇವರಲ್ಲಿ ಒಬ್ಬನನ್ನು ಕಳೆದರೂ ಅದು ಕರ್ನಾಟಕವಲ್ಲ.

ಇತಿಹಾಸದ ಚರ್ಚೆಯನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಜಗುಲಿಗಳು ತುಂಬಲಿ, ವಾದಗಳು ನಡೆಯಲಿ. ಚರ್ಚೆ ನಿಂತ ಊರಿನಲ್ಲಿ ಬುದ್ಧಿಯೂ ನಿಲ್ಲುತ್ತದೆ. ಆದರೆ ಮುಂದೆ ಯಾರಾದರೂ 'ಇಂಥ ಮತದಿಂದ ಇಂಥ ರಾಜ್ಯ ಕೆಟ್ಟಿತು' ಎಂದಾಗ, ಓದುಗರೇ, ಎರಡು ಪ್ರಶ್ನೆಗಳನ್ನು ವಿನಯದಿಂದ ಕೇಳಿರಿ: ಅದೇ ಮತವಿದ್ದೂ ಬಾಳಿದ ರಾಜ್ಯ ಯಾವುದು? ಆ ಮತವಿಲ್ಲದೆಯೂ ಅಳಿದ ರಾಜ್ಯ ಯಾವುದು? ಉತ್ತರಕ್ಕಾಗಿ ಗ್ರಂಥವನ್ನು ತೆರೆಯಬೇಕಾಗಿ ಬರುವುದು. ವಾಚನಾಲಯದ ಜಗುಲಿಯ ಮೇಲೆ ಕುಳಿತವರಿಗೆ ಅದರ ಒಳಗೆ ಹೋಗುವ ಬಾಗಿಲು ಬಹು ದೂರವೇನೂ ಇಲ್ಲ.